ಮಡಚಿಟ್ಟ ಹ್ಯಾಂಡ್‌ಬ್ರೇಕ್

ನಮ್ಮ ಆಫೀಸಿನಲ್ಲಿ ಚಳಿಗಾಲ ಆಗಸ್ಟ್‌ನಲ್ಲೇ ಶುರುವಾಗುತ್ತದೆ. ಹೊರಗೆ ಔಟರ್ ರಿಂಗ್ ರೋಡ್ ಮಳೆನೀರಿನಲ್ಲಿ ನಿಂತಿರುತ್ತದೆ, ಒಳಗೆ ನಾವು ‘ವಿಂಟರ್ ರಿಲೀಸ್’ ಅಂತ ಟಿಕೆಟ್ ತೆರೆದು ಹಿಮದ ಬಗ್ಗೆ ಬರೆಯುತ್ತಿರುತ್ತೇವೆ. ನಾನು ಟೆಕ್ನಿಕಲ್ ರೈಟರ್. ಯುರೋಪಿನ ಕಾರು ಮಾಲೀಕರ ಆಪ್‌ನಲ್ಲಿ ‘ಇದನ್ನು ನೀವೇ ಮಾಡಿಕೊಳ್ಳಿ’ ಅಂತ ಬರುವ ಪುಟಗಳು ಹುಟ್ಟುವುದು ಬೆಳ್ಳಂದೂರಿನ ಪಕ್ಕದ ಟೆಕ್ ಪಾರ್ಕಿನಲ್ಲಿ. ಟೀಮಿನಲ್ಲಿ ಹಿಮ ಕಂಡವರು ಒಬ್ಬರೇ, ಅದೂ ಹನಿಮೂನಿಗೆ ಮನಾಲಿಗೆ ಹೋಗಿದ್ದಾಗ.

ಕಳೆದ ಸೀಸನ್ನಿನಲ್ಲಿ ನನ್ನ ಪಾಲಿಗೆ ಬಂದದ್ದು ಚಳಿಗಾಲದ ಚಕ್ರಗಳನ್ನು ಮನೆಯಲ್ಲೇ ಹಾಕಿಕೊಳ್ಳುವ ಪುಟ. ಅಲ್ಲಿ ಬಹಳ ಜನರ ಬಳಿ ರಿಮ್ ಸಮೇತ ಎರಡು ಸೆಟ್ ಚಕ್ರ ಇರುತ್ತವೆ. ಅಕ್ಟೋಬರ್‌ನಲ್ಲಿ ಬೇಸಿಗೆಯ ಸೆಟ್ ಬಿಚ್ಚಿ ಚಳಿಗಾಲದ್ದು ಹಾಕುತ್ತಾರೆ, ಈಸ್ಟರ್ ಹೊತ್ತಿಗೆ ಮತ್ತೆ ಅದಲು ಬದಲು. ತಾಪಮಾನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರ್ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ ಅನ್ನುವುದು ಟೈರಿನವರು ಹೇಳುವ ಲೆಕ್ಕ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕಾರ್ಲ್ ಬೆಂಜ್ ತನ್ನ ಕಾರಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರಲ್ಲಿ. ಈ ಊರಿನವಳಾದ ನನಗೆ ವಿಂಟರ್ ಟೈರಿನ ಮೇಲೆ ಎಷ್ಟು ಅಧಿಕಾರ ಇದೆ ಅಂತ ಇದರಲ್ಲೇ ಗೊತ್ತಾಗಬೇಕು.

ಆದರೂ ಪುಟ ಚೆನ್ನಾಗಿಯೇ ಬಂದಿತ್ತು. ಜರ್ಮನಿಯಲ್ಲಿ ತಾರೀಖಿನ ಲೆಕ್ಕ ಇಲ್ಲ, ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ವಿಂಟರ್ ಟೈರ್ ಕಡ್ಡಾಯ. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ರಸ್ತೆ ಚಳಿಗಾಲದ ಸ್ಥಿತಿಯಲ್ಲಿದ್ದರೆ. 2024ರ ಅಕ್ಟೋಬರ್‌ನಿಂದ ಜರ್ಮನಿಗೆ ಮೂರು ಶಿಖರದ ಬೆಟ್ಟದೊಳಗೆ ಹಿಮಹರಳು ಇರುವ ಗುರುತೇ ಬೇಕು, ಕೆಸರು ಮತ್ತು ಹಿಮಕ್ಕೆ ಅನ್ನುವ ಬರೀ ‘ಎಂ ಪ್ಲಸ್ ಎಸ್’ ಗುರುತು ಸಾಲದು. ಎಲ್ಲವನ್ನೂ ಟೇಬಲ್ ಮಾಡಿ ಹಾಕಿದ್ದೆ. ಒಂದೇ ಸಲಕ್ಕೆ ಅಪ್ರೂವ್ ಆಗುತ್ತದೆ ಅನ್ನುವ ಧೈರ್ಯದಲ್ಲಿ ರಿವ್ಯೂಗೆ ಕಳಿಸಿದೆ.

ಜರ್ಮನಿಯ ರಿವ್ಯೂವರ್ ಒಬ್ಬರಿದ್ದಾರೆ. ವರ್ಕ್‌ಶಾಪ್‌ನಲ್ಲಿ ಕೈ ಮಸಿ ಮಾಡಿಕೊಂಡು ಆಮೇಲೆ ಕುರ್ಚಿಗೆ ಬಂದವರು. ‘ಚಕ್ರವನ್ನು ಹಬ್ ಮೇಲೆ ಇಟ್ಟು ಬೋಲ್ಟ್‌ಗಳನ್ನು ಹಾಕಿ’ ಅನ್ನುವ ನನ್ನ ಸಾಲಿನ ಪಕ್ಕ ಅವರ ಕಾಮೆಂಟ್ ಬಿದ್ದಿತ್ತು: ಇದನ್ನು ಬರೆದವರು ಯಾವತ್ತಾದರೂ ಚಕ್ರ ಹಾಕಿದ್ದಾರೆಯೇ?

ಅಷ್ಟೇ. ಸ್ಮೈಲಿ ಕೂಡ ಇಲ್ಲ. ಆ ಕಾಮೆಂಟ್ ಇಡೀ ಟೀಮಿಗೆ ಕಾಣುತ್ತದೆ.

ಉರಿ ಹತ್ತಿತು. ಮಾಡಿಯೇ ತೋರಿಸುತ್ತೇನೆ ಅಂತ ಗಾಡಿ ಹುಡುಕಿದೆ. ನಮ್ಮವರದೆಲ್ಲ ಸ್ವಿಫ್ಟ್, ಐ20. ಅವುಗಳ ಹಬ್‌ನಿಂದ, ಅಂದರೆ ಚಕ್ರ ಕೂರುವ ನಡುಭಾಗದಿಂದ, ಸ್ಟಡ್ ಹೊರಗೆ ಚಾಚಿಕೊಂಡಿರುತ್ತದೆ, ಚಕ್ರ ನೇತುಹಾಕಿ ನಟ್ ಬಿಗಿದರೆ ಮುಗಿಯಿತು. ನನಗೆ ಬೇಕಿದ್ದದ್ದು ಜರ್ಮನ್ ಪದ್ಧತಿಯದು: ಹಬ್‌ನಲ್ಲಿ ಬರೀ ತೂತು, ಬೋಲ್ಟ್ ಹೊರಗಿನಿಂದ ಒಳಕ್ಕೆ ಹೋಗಬೇಕು. ಪಕ್ಕದ ಟೀಮಿನ ಹುಡುಗನೊಬ್ಬನ ಹತ್ತಿರ ಹಳೇ ಪೋಲೋ ಇತ್ತು. ಅವನು ಸ್ಟ್ಯಾಂಡಪ್ ಕಾಲ್‌ನಲ್ಲಿದ್ದ, ಮ್ಯೂಟ್ ಒತ್ತಿ ಕೀ ಎಸೆದ. “ಡಿಕ್ಕೀಲಿ ಜಾಕಿ, ಸ್ಪಾನರ್ ಎಲ್ಲಾ ಇದೆ. ಗೀಚಿದ್ರೆ ಮಾತ್ರ ನೋಡ್ಕೋ.”

ಬೋಲ್ಟನ್ನು ಅಳತೆ ಪ್ರಕಾರ ಬಿಗಿಯುವ ಟಾರ್ಕ್ ರೆಂಚ್ ಕೇಳಲು ಲ್ಯಾಬ್‌ಗೆ ಹೋದೆ. ಕ್ಯಾಲಿಬ್ರೇಶನ್ ಸ್ಟಿಕ್ಕರ್ ಅವಧಿ ಮುಗಿದಿದೆ, ಕೊಡಕ್ಕಾಗಲ್ಲ ಅಂದರು. ಹಾಗಾದರೆ ಅದನ್ನು ಗೋಡೆಗೆ ನೇತುಹಾಕಿಕೊಂಡಿರುವುದೇಕೆ ಅಂತ ಕೇಳಿದೆ. ಆಡಿಟ್‌ಗೆ ಅಂದರು.

ಬೇಸ್‌ಮೆಂಟ್ ಎರಡರಲ್ಲಿ ನಾನು ಮತ್ತು ಟೀಮಿನ ಇಂಟರ್ನ್ ಹುಡುಗಿ. ಅವಳ ಫೋನಿನಲ್ಲಿ ಪ್ರಿವ್ಯೂ ಬಿಲ್ಡ್. ಬಳಕೆದಾರರು ಮಾಡುವ ಹಾಗೇ ಮಾಡೋಣ, ಅವಳು ಓದಬೇಕು, ನಾನು ಓದಿದ್ದನ್ನು ಮಾತ್ರ ಮಾಡಬೇಕು ಅಂತ ಒಪ್ಪಂದ. ವಿಂಟರ್ ಚಕ್ರದ ಬದಲಿಗೆ ಸ್ಟೆಪ್ನಿ. ಡಿಕ್ಕಿ ತೆಗೆದು ಎಲ್ಲ ಇಳಿಸಿಕೊಂಡೆವು. ಡ್ರೈವರ್ ಬಾಗಿಲು ತೆಗೆಯುವ ಪ್ರಸಂಗವೇ ಬರಲಿಲ್ಲ.

“ಸ್ಟೆಪ್ ಒಂದು. ಚಕ್ರ ನೆಲದ ಮೇಲಿರುವಾಗಲೇ ಪ್ರತಿ ಬೋಲ್ಟನ್ನೂ ಕಾಲು ಸುತ್ತು ಸಡಿಲಿಸಿ.”

ಸ್ಪಾನರ್ ಹಾಕಿ ತುಳಿದೆ. ಬೋಲ್ಟ್ ಕಿರ್ ಅಂತ ಬಿಟ್ಟಿತು. ಗಾಡಿ ಸ್ವಲ್ಪ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದ ಹಾಗಾಯಿತು. ಸಸ್ಪೆನ್ಶನ್ ಅಂದುಕೊಂಡೆ. ಎರಡನೆಯ ಬೋಲ್ಟಿಗೂ ಹಾಗೇ ಓಲಾಡಿತು. ಹಳೇ ಗಾಡಿ, ಸಸ್ಪೆನ್ಶನ್ನಿನ ರಬ್ಬರ್ ಬುಷ್ ಹೋಗಿರಬೇಕು, ಇವನಿಗೆ ಹೇಳಬೇಕು ಅಂದುಕೊಂಡೆ. ಗಾಡಿ ಐದು ಬೋಲ್ಟಿಗೂ ಒಂದೇ ಮಾತು ಹೇಳುತ್ತಿತ್ತು, ನಾನು ಐದು ಸಲವೂ ಅದರ ಬುಷ್ಷಿಗೆ ಬೈದೆ.

ಆಮೇಲೆ ಜಾಕಿ. ಬಾಗಿಲಿನ ಕೆಳಗೆ ಬಾಡಿಯ ಅಂಚಿನಲ್ಲಿ ಗುರುತು ಇರುವ ಕಡೆಯೇ ಕೊಟ್ಟೆ, ಅದರಲ್ಲಿ ತಪ್ಪಿಲ್ಲ. ಹ್ಯಾಂಡಲ್ ಸುತ್ತುತ್ತಾ ಹೋದೆ. ಮುಂದಿನ ಎಡ ಟೈರಿನ ಉಬ್ಬು ಇಳಿಯಿತು, ನೆಲ ಬಿಡುವುದರಲ್ಲಿತ್ತು. ನಾನು ಕುಕ್ಕರಗಾಲಲ್ಲಿ ಕೂತು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದನ್ನು ಟೈರಿನ ಮೇಲಿಟ್ಟು ಎಷ್ಟು ಎದ್ದಿದೆ ಅಂತ ನೋಡುತ್ತಿದ್ದೆ. ಆಗ ಜಾಕಿ ನೆಟ್ಟಗಿಲ್ಲ ಅನ್ನಿಸಿತು. ಸ್ವಲ್ಪ ಹೊತ್ತಿನ ಮುಂಚೆ ನೇರ ನಿಂತಿದ್ದ ಜಾಕಿ ಈಗ ಮುಂದಕ್ಕೆ ವಾಲಿತ್ತು. ನಾನೇ ಓರೆ ಇಟ್ಟೆನಾ ಅಂತ ಯೋಚಿಸುತ್ತಾ ಇನ್ನೊಂದು ಸುತ್ತು ಸುತ್ತಿದೆ. ಇದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಜಾಕಿ ವಾಲುತ್ತಿದೆ ಅಂತ ಗೊತ್ತಾದ ಮೇಲೂ ಸುತ್ತಿದೆ.

“ಗಾಡಿ ಸರ್ಯಾಕತ್ತೈತ್ರೀ ಮೇಡಂ! ಕೈ ತೆಗೀರೀ!”

ಸೆಕ್ಯುರಿಟಿಯ ಅಣ್ಣ, ಬಾಗಲಕೋಟೆ ಕಡೆಯವರು. ನೋ ಪಾರ್ಕಿಂಗ್ ಬೋರ್ಡಿಗೆ ಒತ್ತಿಟ್ಟಿದ್ದ ಸಿಮೆಂಟ್ ಇಟ್ಟಿಗೆ ಎತ್ತಿಕೊಂಡು ಓಡಿ ಬರುತ್ತಿದ್ದರು. ನಾನು ಕೈ ತೆಗೆದೆನೋ, ಹಿಂದಕ್ಕೆ ಬಿದ್ದೆನೋ, ಎರಡೂ ಒಟ್ಟಿಗೆ ಆಯಿತು. ಜಾಕಿ ಮಗುಚಿತು. ಗಾಡಿ ಧಡ್ ಅಂತ ಟೈರಿನ ಮೇಲೆ ಕೂತು, ನೀರು ಹೋಗುವ ಜಾಲರಿಯ ಕಡೆಗೆ ಒಂದು ಗೇಣು ಸರಿದು, ಅಣ್ಣ ಹಿಂದಿನ ಚಕ್ರದ ಮುಂದೆ ಒಗೆದ ಇಟ್ಟಿಗೆಗೆ ತಾಗಿ ನಿಂತಿತು. ಬೇಸ್‌ಮೆಂಟಿನ ನೆಲ ಕಣ್ಣಿಗೆ ಸಮವಾಗಿ ಕಂಡರೂ ನೀರಿಗೆ ಇಳಿಜಾರು ಬಿಟ್ಟೇ ಕಾಂಕ್ರೀಟ್ ಹಾಕಿರುತ್ತಾರೆ. ನೀರಿಗೆ ಗೊತ್ತಿತ್ತು, ಪೋಲೋಗೂ ಗೊತ್ತಿತ್ತು.

ಚಕ್ರ ಇನ್ನೂ ಬಿಚ್ಚಿರಲಿಲ್ಲ, ಅದೊಂದು ಪುಣ್ಯ. ಬಿಚ್ಚಿದ್ದರೆ ಗಾಡಿ ಕೂರುತ್ತಿದ್ದದ್ದು ಬ್ರೇಕ್ ಡಿಸ್ಕ್ ಮೇಲೆ, ನನ್ನ ಕೈ ಎಲ್ಲಿರುತ್ತಿತ್ತೋ.

ಅಣ್ಣ ಬಾಗಿಲು ತೆಗೆದು ಹ್ಯಾಂಡ್‌ಬ್ರೇಕ್ ಕರ್ರ್ ಅಂತ ಎಳೆದರು. “ಈ ಸಾಲಿನ್ಯಾಗ ನಿಂತ ಯಾವ ಗಾಡಿಗೂ ಬ್ರೇಕ್ ಹಾಕಿರಂಗಿಲ್ರೀ. ಹಿಂದಿನವ್ರು ಹೋಗೂ ಮುಂದ ನಾವ ತಳ್ಳಬೇಕಲ್ರೀ.”

ಇದು ನನಗೆ ಗೊತ್ತಿಲ್ಲದ ವಿಷಯವೇ? ಬೆಂಗಳೂರಿನಲ್ಲಿ ಜಾಗ ಸಾಲದೆ ಒಂದರ ಹಿಂದೆ ಒಂದು ನಿಲ್ಲಿಸುವ ಎಲ್ಲಾ ಕಡೆ ಇದೇ ಪದ್ಧತಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಇಲ್ಲ. ನನ್ನ ಅಪಾರ್ಟ್‌ಮೆಂಟಿನಲ್ಲೂ ನಾನು ಹಾಗೇ ನಿಲ್ಲಿಸುತ್ತೇನೆ.

ಇಂಟರ್ನ್ ಹುಡುಗಿ ಫೋನ್ ಹಿಡಿದು ಅಲ್ಲೇ ನಿಂತಿದ್ದಳು. “ಮೇಡಂ, ಹ್ಯಾಂಡ್‌ಬ್ರೇಕ್ ಅಂತ ಎಲ್ಲೂ ಇಲ್ವಲ್ಲ” ಅಂದಳು. ಇದೆ ಅಂದೆ, ನಾನೇ ಬರೆದಿದ್ದೇನೆ. ಮೇಲೆ ಎಳೆದು ನೋಡಿದೆವು. ‘ಶುರು ಮಾಡುವ ಮುನ್ನ’ ಅನ್ನುವ ಬೂದು ಪಟ್ಟಿ, ಪಕ್ಕದಲ್ಲಿ ಸಾಸಿವೆಯಷ್ಟು ಬಾಣ. ಅದನ್ನು ಒತ್ತಿದರೆ ತೆರೆದುಕೊಳ್ಳುತ್ತದೆ: ಸಮತಟ್ಟಾದ ಗಟ್ಟಿ ನೆಲ, ಪಾರ್ಕಿಂಗ್ ಬ್ರೇಕ್, ಮೊದಲ ಗೇರ್, ಎದುರು ಮೂಲೆಯ ಚಕ್ರಕ್ಕೆ ಅಡ್ಡಕಟ್ಟೆ. ಎಲ್ಲ ಇತ್ತು, ಮಡಚಿಟ್ಟಿತ್ತು.

ಈ ಟೆಂಪ್ಲೇಟ್ ಬಂದದ್ದು ‘ಬಳಕೆದಾರ ಸ್ಕ್ರೋಲ್ ಮಾಡಲ್ಲ’ ಅನ್ನುವ ಮ್ಯಾನೇಜ್‌ಮೆಂಟಿನ ಮಂತ್ರದಿಂದ. ಪುಟ ತೆರೆದ ಕೂಡಲೇ ಸ್ಟೆಪ್ ಒಂದು ಕಣ್ಣಿಗೆ ಬೀಳಬೇಕು, ಮುನ್ನೆಚ್ಚರಿಕೆಗಳನ್ನು ಓದಬೇಕೆನ್ನುವವರು ಓದಿಕೊಳ್ಳಲಿ. ಆ ಮೀಟಿಂಗಿನಲ್ಲಿ ನಾನೂ ಇದ್ದೆ, ಊಟದ ಹೊತ್ತಾಗಿತ್ತು, ಯಾರೂ ಎದುರು ಮಾತಾಡಲಿಲ್ಲ. ಅಲಾಯ್ ರಿಮ್ಮಿನ ಉದ್ದ ಬೋಲ್ಟನ್ನು ತೆಳು ಸ್ಟೀಲ್ ರಿಮ್ಮಿಗೆ ಹಾಕಿದರೆ ತುದಿ ಒಳಗೆ ಹೆಚ್ಚು ಚಾಚಿ ಬ್ರೇಕಿನ ಭಾಗಕ್ಕೆ ತಗಲಬಹುದು ಅನ್ನುವ ಸಾಲನ್ನು ಅದೇ ಮೀಟಿಂಗಿನಲ್ಲಿ ‘ಎಡ್ಜ್ ಕೇಸ್’, ಅಂದರೆ ಅಪರೂಪಕ್ಕೆ ಆಗುವಂಥದ್ದು, ಅಂತ ಕಿತ್ತುಹಾಕಿದರು. ಎರಡು ಸೆಟ್ ಇಟ್ಟುಕೊಂಡವರಿಗೆ ಅದು ವರ್ಷಕ್ಕೆ ಎರಡು ಸಲ ಎದುರಾಗುವ ಎಡ್ಜು.

ಅಷ್ಟರಲ್ಲಿ ಫೆಸಿಲಿಟಿಯವರು ಬಂದರು. ವರ್ಕ್ ಪರ್ಮಿಟ್ ಎಲ್ಲಿ, ಸೇಫ್ಟಿ ಶೂ ಎಲ್ಲಿ ಅಂತ ಕೂಗಾಡಿ ಎಲ್ಲವನ್ನೂ ನಿಲ್ಲಿಸಿದರು. ಅವರದೇನೂ ತಪ್ಪಿಲ್ಲ. ಆದರೆ ರಿವ್ಯೂವರ್ ಕೇಳಿದ ಪ್ರಶ್ನೆ ಹಾಗೇ ಉಳಿದಿತ್ತು. ಬೋಲ್ಟ್ ಬಿಗಿದುಕೊಂಡು ಸರ್ವಿಸ್ ರೋಡಿನ ಪಂಕ್ಚರ್ ಅಂಗಡಿಗೆ ಹೋದೆವು. ಒಂದು ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಬೇಕು, ನಾನೇ ಹಾಕಬೇಕು, ನೀವು ನೋಡ್ತಿರಬೇಕು ಅಂದಾಗ ಅಂಗಡಿಯವರು ನನ್ನ ಕೊರಳ ಐಡಿ ಕಾರ್ಡನ್ನು ಒಮ್ಮೆ ನೋಡಿ ಸ್ಟೂಲ್ ಎಳೆದುಕೊಂಡು ಕೂತರು. ಬಹುಶಃ ಆ ದಿನದ ಮನರಂಜನೆ.

‘ಚಕ್ರವನ್ನು ಹಬ್ ಮೇಲೆ ಇಟ್ಟು ಬೋಲ್ಟ್‌ಗಳನ್ನು ಹಾಕಿ.’ ಈ ಸಾಲಿನಲ್ಲಿ ‘ಇಟ್ಟು’ ಅಂತ ಬರೆದೆನಲ್ಲ, ಅದು ಇಟ್ಟಲ್ಲಿ ಇರುವುದಿಲ್ಲ. ಎತ್ತಬೇಕು, ಎತ್ತಿ ಹಿಡಿದುಕೊಳ್ಳಬೇಕು, ಹಿಡಿದುಕೊಂಡೇ ರಿಮ್ಮಿನ ತೂತಿನ ಎದುರಿಗೆ ಹಬ್ಬಿನ ತೂತು ಬರುವ ಹಾಗೆ ತಿರುಗಿಸಬೇಕು, ತಿರುಗಿಸಲು ಹೋದರೆ ಹಬ್ಬೂ ಜತೆಗೆ ತಿರುಗುತ್ತದೆ. ಎರಡು ಕೈಯಲ್ಲಿ ಚಕ್ರ ಹಿಡಿದರೆ ಬೋಲ್ಟ್ ಹಿಡಿಯಲು ಕೈ ಇಲ್ಲ. ಬೋಲ್ಟನ್ನು ಬಾಯಲ್ಲಿ ಕಚ್ಚಿಕೊಳ್ಳುವ ಯೋಚನೆಯೂ ಬಂತು. ಕುರ್ತಾ ಪೂರ್ತಿ ಕಪ್ಪು. ಇಂಟರ್ನ್ ಟಾರ್ಚ್ ಬಿಟ್ಟು ತೂತಿನೊಳಗೆ ಇಣುಕಿ “ಇನ್ನೊಂಚೂರು ಎಡಕ್ಕೆ, ಅಲ್ಲ ನಿಮ್ಮ ಬಲಕ್ಕೆ” ಅನ್ನುತ್ತಿದ್ದಳು.

ಅಂಗಡಿಯವರಿಗೆ ಕೊನೆಗೆ ಕರುಣೆ ಬಂತು. “ಕೈಯಲ್ಲಿ ಯಾಕಮ್ಮ ಎತ್ತುತ್ತೀಯ? ಕೂತ್ಕೋ. ಕಾಲು ಎರಡೂ ಟೈರ್ ಕೆಳಗೆ ಕೊಡು. ಹಿಮ್ಮಡಿ ಊರಿ ಬೆರಳಲ್ಲಿ ಎತ್ತು. ಹಾಂ. ಈಗ ಮೇಲಿನ ಬೋಲ್ಟ್ ಮೊದ್ಲು. ಸ್ಪಾನರ್ ಬ್ಯಾಡ, ಕೈಯಲ್ಲೇ ತಿರುಗ್ಸು. ಅದೊಂದು ಹಿಡ್ಕೊಂಡ್ರೆ ಗಾಲಿ ನೇತಾಡುತ್ತೆ, ಮಿಕ್ಕಿದ್ದು ತಾನೇ ಕೂರುತ್ತೆ.”

ಕೂತಿತು. ಮೈ ಬೆವರಿ ಒದ್ದಾಡಿದ ಕೆಲಸ ಕಾಲ್ಬೆರಳಲ್ಲಿ ಆಗಿಹೋಯಿತು. ನಮ್ಮ ಸ್ಟೈಲ್ ಗೈಡಿನ ಪ್ರಕಾರ ಒಂದು ಸ್ಟೆಪ್ಪಿಗೆ ಒಂದೇ ಕ್ರಿಯೆ. ಆ ಮನುಷ್ಯ ಹೇಳಿದ್ದರಲ್ಲಿ ಎಷ್ಟು ಕ್ರಿಯೆ ಇದೆ ಅಂತ ಎಣಿಸಲು ಹೋಗಿ ಬಿಟ್ಟೆ.

ಬಿಗಿಯುವಾಗ ಮಾತ್ರ ನಮ್ಮಿಬ್ಬರಿಗೆ ಜಗಳ. ನಕ್ಷತ್ರದ ಹಾಗೆ ಒಂದು ಬಿಟ್ಟು ಒಂದು ಬಿಗಿಯುವುದು ಅವರಿಗೆ ರೂಢಿ. ಆದರೆ ಕೊನೆಯಲ್ಲಿ ಸ್ಪಾನರ್‌ಗೆ ಪೈಪ್ ಸಿಕ್ಕಿಸಿ ಅದರ ಮೇಲೆ ಹತ್ತುತ್ತಾರೆ. ಈ ಗಾಡಿಗೆ ಬೇಕಿರುವ ಬಿಗಿ 120 ನ್ಯೂಟನ್ ಮೀಟರ್. ನಾನು 55 ಕೆಜಿ. 30 ಸೆಂಟಿಮೀಟರ್ ಸ್ಪಾನರಿನ ತುದಿಯಲ್ಲಿ ನಾನು ಸುಮ್ಮನೆ ನಿಂತರೂ 160 ದಾಟುತ್ತದೆ, ಇನ್ನು ಪೈಪ್ ಹಾಕಿ ಕುಣಿದರೆ ಏನಾಗಬೇಕು? ಅಷ್ಟು ಬಿಗಿದ ಬೋಲ್ಟನ್ನು ಆರು ತಿಂಗಳ ಮೇಲೆ ಚಳಿಯಲ್ಲಿ ಮನೆ ಮುಂದೆ ಬಿಚ್ಚಲು ಹೋಗುವವರ ಗತಿ ಏನು? ಲೆಕ್ಕ ಹೇಳಿದೆ. “ಬಿಗಿ ಅಂದ್ರೆ ಬಿಗಿ ಅಮ್ಮ, ಅದಕ್ಕೆ ಲೆಕ್ಕ ಇರಲ್ಲ” ಅಂದರು. ಟಾರ್ಕ್ ರೆಂಚ್ ಆಡಿಟ್‌ಗೋಸ್ಕರ ಗೋಡೆಯ ಮೇಲಿತ್ತು, ವಾದ ಮುಂದುವರಿಸಲು ನನ್ನ ಹತ್ತಿರ ಸಾಕ್ಷಿ ಇರಲಿಲ್ಲ.

ಮಾರನೆಯ ದಿನದ ರಿವ್ಯೂ ಕಾಲ್‌ನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಹ್ಯಾಂಡ್‌ಬ್ರೇಕ್ ಸಾಲು ಸ್ಟೆಪ್ ಒಂದಕ್ಕೆ ಬರಬೇಕು, ಮಡಚಬಾರದು ಅಂದೆ. ಪ್ರಾಡಕ್ಟ್ ಓನರ್ ನಕ್ಕರು. ಅದು ಇಂಡಿಯಾ ಪಾರ್ಕಿಂಗ್ ಸಮಸ್ಯೆ, ಯುರೋಪಿನ ಬಳಕೆದಾರ ಬ್ರೇಕ್ ಹಾಕದೆ ಯಾಕೆ ನಿಲ್ಲಿಸುತ್ತಾನೆ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಕೊಟ್ಟವರು ಕಾಮೆಂಟ್ ಹಾಕಿದ್ದ ಆ ಜರ್ಮನ್ ರಿವ್ಯೂವರ್. ಕೊರೆಯುವ ಚಳಿಯಲ್ಲಿ ಹ್ಯಾಂಡ್‌ಬ್ರೇಕ್ ಹಾಕಿಟ್ಟರೆ ನೀರು ಹೊಕ್ಕ ಕೇಬಲ್ ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದೇ ಇಲ್ಲವಂತೆ. ಅದಕ್ಕೇ ಹಳೆಯ ಗಾಡಿಯವರು ಬ್ರೇಕ್ ಹಾಕದೆ ಬರೀ ಗೇರಿನಲ್ಲಿ ನಿಲ್ಲಿಸುತ್ತಾರೆ. ಮುಂದಿನ ಚಕ್ರದ ಶಕ್ತಿಯಲ್ಲಿ ಓಡುವ ಗಾಡಿಯ ಒಂದು ಮುಂದಿನ ಚಕ್ರ ಎತ್ತಿದರೆ ಎರಡು ಚಕ್ರಗಳನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್‌ನಿಂದಾಗಿ ಎತ್ತಿದ ಚಕ್ರ ತಡೆಯಿಲ್ಲದೆ ತಿರುಗುತ್ತದೆ, ಗೇರು ಹಿಡಿದುಕೊಳ್ಳುವುದಿಲ್ಲ. ನೆಲದ ಮೇಲೆ ಉಳಿಯುವ ಮೂರು ಚಕ್ರಗಳಲ್ಲಿ ಯಾವುದನ್ನೂ ಏನೂ ಹಿಡಿದಿರುವುದಿಲ್ಲ. “ನಮ್ಮಪ್ಪ ಚಳಿಗಾಲಪೂರ್ತಿ ಹಾಗೇ ನಿಲ್ಲಿಸುತ್ತಿದ್ದರು” ಅಂದು ಸುಮ್ಮನಾದರು. ನಮ್ಮ ಬೇಸ್‌ಮೆಂಟಿನ ಚಾಳಿಯೂ ಅವರಪ್ಪನ ಚಾಳಿಯೂ ಒಂದೇ ಜಾಕಿಯ ಕೆಳಗೆ ಬಂದು ಸೇರುತ್ತವೆ ಅಂತ ನಾನಂತೂ ಎಣಿಸಿರಲಿಲ್ಲ.

ಹ್ಯಾಂಡ್‌ಬ್ರೇಕ್ ಸ್ಟೆಪ್ ಒಂದಾಯಿತು. ಕಾಲ್ಬೆರಳ ಉಪಾಯವನ್ನು ಲೀಗಲ್‌ನವರು ಒಪ್ಪಲಿಲ್ಲ, ಕಾಲಿನ ಮೇಲೆ ಚಕ್ರ ಬಿದ್ದರೆ ಯಾರು ಜವಾಬ್ದಾರಿ ಅಂತ. ‘ಮೇಲಿನ ಬೋಲ್ಟನ್ನು ಮೊದಲು ಕೈಯಿಂದಲೇ ಹಾಕಿ’ ಅನ್ನುವುದು ಉಳಿದುಕೊಂಡಿತು. ಉದ್ದ ಬೋಲ್ಟಿನ ಎಚ್ಚರಿಕೆಯನ್ನು ಮತ್ತೆ ಸೇರಿಸಿದೆವು. 50 ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟ್‌ಗಳ ಬಿಗಿ ಮತ್ತೊಮ್ಮೆ ನೋಡಿ ಅನ್ನುವ ಸಾಲಿಗೆ ರಿಮೈಂಡರ್ ಬರಬೇಕು ಅಂದೆ, ಅದು ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿದೆ. ಆ ಬೂದು ಪಟ್ಟಿ ಮಿಕ್ಕ ಎಲ್ಲಾ ಪುಟಗಳಲ್ಲೂ ಹಾಗೇ ಇದೆ, ಟೆಂಪ್ಲೇಟ್ ಬದಲಿಸಲು ಬಜೆಟ್ ಇಲ್ಲವಂತೆ. ಸದ್ಯಕ್ಕೆ ಜಾಕಿ ಅನ್ನುವ ಪದ ಬರುವ ಪುಟಗಳನ್ನೆಲ್ಲ ಹುಡುಕಿ, ಒಳಗಿನ ಸಾಲುಗಳನ್ನು ನಾನೇ ಸ್ಟೆಪ್‌ಗೆ ಎಳೆದು ಹಾಕುತ್ತಿದ್ದೇನೆ. ಯಾರೂ ಹೇಳಿಲ್ಲ, ಯಾರೂ ಬೇಡ ಅಂದಿಲ್ಲ.

ಹೊಸಬರು ಸೇರಿದರೆ ಪಂಕ್ಚರ್ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಚಕ್ರ ಬಿಚ್ಚಿ ಹಾಕಿಸುತ್ತೇವೆ. ಅಂಗಡಿಯವರು ಈಗ ಇದಕ್ಕೆ ಬೇರೆಯೇ ರೇಟ್ ಇಟ್ಟಿದ್ದಾರೆ, ಕಲಿಸುವುದಕ್ಕೆ ಹೆಚ್ಚು. ‘ಟ್ರೈನಿಂಗ್’ ಅಂತ ಬರೆದು ಕ್ಲೇಮ್ ಹಾಕಿದ್ದೆ. ಜಿಎಸ್‌ಟಿ ಬಿಲ್ ಇಲ್ಲ ಅಂತ ಫೈನಾನ್ಸ್‌ನವರು ವಾಪಸ್ ಕಳಿಸಿದ್ದಾರೆ.