ಸೀಲಾದ ಗುಡ್ಡದಲ್ಲಿ ಹೊರಗಾದವರು

"ಅಕ್ಕೋರ, ನಾ ಹೊರಗಾಗೀನ್ರಿ."

ನಮ್ಮ ಓಣಿಯ ಹುಡುಗಿ ಬಾಗಿಲಾಚೆ ಮಳೆಯಲ್ಲೇ ನಿಂತು ಹೇಳಿದಾಗ ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಗೋವಾದ ವಾಸ್ಕೋದಲ್ಲಿ ನಮ್ಮ ಮಾಂಗೋರ್ ಹಿಲ್ ಕೊರೊನಾದಿಂದ ಕಂಟೈನ್ಮೆಂಟ್ ಝೋನ್ ಆಗಿ ಹನ್ನೊಂದು ದಿನವಾಗಿತ್ತು. ಗುಡ್ಡದ ಮೇಲಿನವರು ಕೆಳಗೆ ಇಳಿಯುವ ಹಾಗಿಲ್ಲ, ಕೆಳಗಿನವರು ಮೇಲೆ ಹತ್ತುವ ಹಾಗಿಲ್ಲ. ಇವಳು ಎಲ್ಲಿಂದ ಹೊರಗಾದಳು? ಆಮೇಲೆ ಹೊಳೆಯಿತು. ನಮ್ಮ ಧಾರವಾಡದ ಕಡೆ ಮುಟ್ಟಾದರೆ ಹೆಂಗಸರು ಹೇಳುವುದೇ ಹಾಗೆ. ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಗೋವಾದಲ್ಲಿದ್ದು ನಮ್ಮ ಮಾತೇ ನನಗೆ ತಡವಾಗಿ ತಿಳಿಯಿತಲ್ಲ ಅಂತ ಪಿಚ್ಚೆನಿಸಿತು.

2020ರ ಮೇ 1ಕ್ಕೆ ಗೋವಾ ಹಸಿರು ವಲಯ ಅಂತ ಎಲ್ಲರೂ ಬೀಗಿದ್ದರು. ಜೂನ್ 1ಕ್ಕೆ ನಮ್ಮ ಗುಡ್ಡಕ್ಕೆ ಬೀಗ ಬಿತ್ತು. ಇಲ್ಲಿ ಗದಗ, ಬಾಗಲಕೋಟೆ, ಹಾವೇರಿ ಕಡೆಯ ಜನ ಬಹಳ. ಗಂಡಸರು ಗೌಂಡಿ ಕೆಲಸ, ಬಂದರಿನ ಕೂಲಿ ಅಂತ ಹೋದರೆ ಹೆಂಗಸರು ಮನೆಗೆಲಸಕ್ಕೆ ಹೋಗುವವರು. ತಪಾಸಣೆಗೆ ಬರುವ ಆರೋಗ್ಯ ಸಿಬ್ಬಂದಿಯದು ಕೊಂಕಣಿ, ಹಿಂದಿ. ನಮ್ಮ ಹೆಂಗಸರದು ಕನ್ನಡ. ನಡುವೆ ಸಿಕ್ಕಿಬಿದ್ದವಳು ಕನ್ನಡ ಶಾಲೆಯ ಟೀಚರಾದ ನಾನು. ಓಣಿಯ ಮನೆಮನೆಗೆ ಏನು ಬೇಕೆಂದು ಪಟ್ಟಿ ಮಾಡಿ, ದಿನಾ ಹನ್ನೊಂದಕ್ಕೆ ಬ್ಯಾರಿಕೇಡಿನ ಹತ್ತಿರ ನಿಂತು ಓದಿ ಹೇಳುವುದು ನನ್ನ ಕೆಲಸ. ಆಚೆ ಕಡೆಯ ಸ್ವಯಂಸೇವಕ ಹುಡುಗ ಬರೆದುಕೊಂಡು ಸಂಜೆಗೆ ಸಾಮಾನು ತಂದಿಡುತ್ತಿದ್ದ.

ಆ ಹುಡುಗಿ ಎರಡು ದಿನದಿಂದ ಒಂದೇ ಬಟ್ಟೆಯಲ್ಲಿದ್ದಳು. ಮುಟ್ಟಿಗೆ ಬಟ್ಟೆ ಇಟ್ಟುಕೊಳ್ಳುವವರಿಗೆ ಮೂರು ಬೇಕು: ಒಗೆಯಲು ನೀರು, ಒಣಗಿಸಲು ಬಿಸಿಲು, ಬದಲಿಸಲು ಮರೆ. ಗೋವಾದ ಜೂನಿನಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಬಟ್ಟೆ ಎಲ್ಲಿ ಒಣಗಬೇಕು? ಇದ್ದದ್ದು ಒಂದೇ ಖೋಲಿ. ಅದರಲ್ಲಿ ಅಪ್ಪ, ಇಬ್ಬರು ಅಣ್ಣಂದಿರು, ಕೆಲಸ ಹೋದ ಮೇಲೆ ಬಂದು ಸೇರಿಕೊಂಡ ಸೋದರಮಾವ. ಮಾರ್ಚಿನಿಂದ ಒಬ್ಬರೂ ಹೊಸ್ತಿಲು ದಾಟಿಲ್ಲ. ಒದ್ದೆ ಬಟ್ಟೆಯನ್ನು ಹಾಸಿಗೆಯ ಕೆಳಗೆ ಒಣಗಿಸಿ ಅದನ್ನೇ ಮತ್ತೆ ಇಟ್ಟುಕೊಂಡಿದ್ದಳು. ತೊಡೆಯೆಲ್ಲ ಕೆಂಪಾಗಿ ಗುಳ್ಳೆ ಎದ್ದಿದ್ದವು. ಅದನ್ನು ನನಗೆ ತೋರಿಸಲಿಲ್ಲ. ಕಾಲು ಅಗಲಿಸಿ ನಡೆಯುತ್ತಿದ್ದದ್ದನ್ನು ನೋಡಿ ನಾನೇ ಕೇಳಿದ್ದು.

ನನ್ನ ಪಟ್ಟಿಯ ನೋಟುಬುಕ್ಕು ಅಲ್ಲೇ ಮೇಜಿನ ಮೇಲಿತ್ತು. ಹನ್ನೊಂದು ದಿನದ ಪುಟಗಳಲ್ಲಿ ಅಕ್ಕಿ, ತೊಗರಿಬೇಳೆ, ಜೋಳದ ಹಿಟ್ಟು, ಹಾಲಿನ ಪುಡಿ, ಶುಗರಿನ ಗುಳಿಗೆ, ಮೊಬೈಲ್ ರೀಚಾರ್ಜು. ಮುದುಕರು ಅಂಗಲಾಚಿದರೆಂದು ಎಲೆ ಅಡಿಕೆಯನ್ನೂ ಬರೆದಿದ್ದೆ. ಪ್ಯಾಡ್ ಬರೆದಿರಲಿಲ್ಲ. ಯಾರೂ ಕೇಳಿರಲಿಲ್ಲ ಅನ್ನುವುದು ನಿಜ. ಆದರೆ ಪಟ್ಟಿ ಮಾಡಲು ನಾನು ಹೋದಾಗ ಬಾಗಿಲಿಗೆ ಬಂದು ಹೇಳುತ್ತಿದ್ದವರು ಮನೆಯ ಗಂಡಸರು. ಒಳಗಿರುವವರನ್ನು ಕರೆಯಿರಿ ಅಂತ ನಾನೂ ಒಮ್ಮೆ ಅಂದಿರಲಿಲ್ಲ.

ಅವತ್ತು ಮತ್ತೆ ಹೋದೆ. ಈ ಸಲ ಹಿತ್ತಿಲ ಕಡೆಯಿಂದ, ನಲ್ಲಿಯ ಹತ್ತಿರ ನಿಂತು. ಒಂದು ತಾಸಿನಲ್ಲಿ 46 ಹೆಂಗಸರ ಲೆಕ್ಕ ಸಿಕ್ಕಿತು. ಒಬ್ಬಳಿಗೆ ಗುಳಿಗೆ ಬೇಕು, ಇನ್ನೊಬ್ಬಳಿಗೆ ಬಿಳಿಸೆರಗು ಹೆಚ್ಚಾಗಿದೆ, ಬಸುರಿಯೊಬ್ಬಳ ಕಬ್ಬಿಣದ ಮಾತ್ರೆ ತೀರಿ ಮೂರು ವಾರ. ನೋಟುಬುಕ್ಕಿನ ಹಿಂದಿನ ಪುಟದಿಂದ ಬರೆಯತೊಡಗಿದೆ.

ಹನ್ನೊಂದಕ್ಕೆ ಬ್ಯಾರಿಕೇಡು. ಬಿದಿರು ಕಟ್ಟಿ ಅದರ ಮೇಲೆ ನೀಲಿ ತಾಡಪಾಲು ಎಳೆದಿದ್ದರು. ಮಳೆ ಅದರ ಮೇಲೆ ದಬದಬ ಬೀಳುತ್ತಿತ್ತು. ಈಚೆ ನಮ್ಮ ಸಾಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಗಂಡಸರು, ಆಚೆ ಆ ಹುಡುಗ, ಒಬ್ಬ ಪೊಲೀಸು, ಕುರ್ಚಿಯಲ್ಲಿ ಒಬ್ಬ ಸಾಹೇಬರು.

"ಪ್ಯಾಡು, 90 ಪ್ಯಾಕೆಟ್," ಅಂದೆ.

ಹುಡುಗ ಪೆನ್ನು ನಿಲ್ಲಿಸಿದ. "ಟೀಚರ್, ಶಾಲೆ ಬಂದ್ ಇದೆ. ಪರೀಕ್ಷೆಯೂ ಇಲ್ಲ. ಮಕ್ಕಳಿಗೆ ಈಗ ಯಾಕೆ ಪ್ಯಾಡು?"

ಪಾಪ, ಅವನದೇನೂ ತಪ್ಪಿಲ್ಲ. ಟೀಚರು ಕೇಳುವ ಪ್ಯಾಡು ಬರೆಯುವ ಪ್ಯಾಡೇ ಇರಬೇಕು. ಬೇರೆ ದಿನವಾಗಿದ್ದರೆ ಹತ್ತಿರ ಹೋಗಿ ಕಿವಿಯಲ್ಲಿ ಹೇಳುತ್ತಿದ್ದೆ. ಆದರೆ ನಡುವೆ ಆರಡಿ ಜಾಗ, ಬಾಯಿಗೆ ಮಾಸ್ಕು, ಮೇಲೆ ಮಳೆಯ ಸದ್ದು. ಪಿಸುಗುಟ್ಟುವುದಕ್ಕೆ ಕೊರೊನಾ ಆಸ್ಪದವೇ ಇಟ್ಟಿರಲಿಲ್ಲ. ನಮ್ಮ ಹೆಂಗಸರ ಅರ್ಧ ವ್ಯವಹಾರ ನಡೆಯುವುದೇ ಪಿಸುಮಾತಿನಲ್ಲಿ. ಅಂಗಡಿಯವನಿಗೆ ಕಣ್ಸನ್ನೆ ಮಾಡಿದರೆ ಅವನು ಪೇಪರಿನಲ್ಲಿ ಸುತ್ತಿ ಕರೀ ಚೀಲದಲ್ಲಿ ಹಾಕಿ ಕೊಡುತ್ತಾನೆ. ಗೋವಾದಲ್ಲಿ ಫೆನ್ನಿಯ ಬಾಟಲಿಗೂ ಅಷ್ಟು ಮುಸುಕಿಲ್ಲ.

"ಬರೆಯೂದಲ್ಲಪ್ಪಾ," ಅಂತ ಕೂಗಿದೆ. ಕೇಳಿಸಲಿಲ್ಲ ಅಂತ ಅವನು ಕಿವಿಗೆ ಕೈ ಹಿಡಿದ. ಆಗ ನನ್ನ ಹುಟ್ಟಿನಲ್ಲೇ ಮೊದಲ ಸಲ ಇಪ್ಪತ್ತೈದು ಗಂಡಸರ ಎದುರು, ಪಾಠ ಹೇಳುವ ದನಿಯಲ್ಲಿ, ಮೊದಲು ಹಿಂದಿಯಲ್ಲಿ, ಹಿಂದೆಯೇ ಅಭ್ಯಾಸಬಲದಿಂದ ಕನ್ನಡದಲ್ಲಿ ಕೂಗಿದೆ: "ಮುಟ್ಟಿನ ಪ್ಯಾಡು! ಹೆಣ್ಣುಮಕ್ಕಳು ಮುಟ್ಟಾದಾಗ ಇಟ್ಟುಕೊಳ್ಳೋ ಪ್ಯಾಡು!"

ಸಾಲಿನಲ್ಲಿದ್ದವರು ಒಬ್ಬೊಬ್ಬರೂ ಒಂದೊಂದು ದಿಕ್ಕು ನೋಡಿದರು. ಪೊಲೀಸಪ್ಪ ತಾಡಪಾಲಿನ ಹೊಟ್ಟೆಯಲ್ಲಿ ನಿಂತ ನೀರನ್ನು ಲಾಠಿಯಿಂದ ಎತ್ತಿ ಚೆಲ್ಲಿದ. ಅದುವರೆಗೂ ಆ ನೀರು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಸಾಹೇಬರು ಮಾತ್ರ ಪಟ್ಟು ಬಿಡಲಿಲ್ಲ. ಇದು ಅಗತ್ಯ ವಸ್ತುಗಳಲ್ಲಿ ಬರುವುದಿಲ್ಲ, ಮೊದಲು ರೇಶನ್ ಸಾಗಲಿ ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಅಗತ್ಯ ವಸ್ತುಗಳ ಪಟ್ಟಿಯಲ್ಲಿ ಪ್ಯಾಡಿನ ಹೆಸರಿರಲಿಲ್ಲ. ದೇಶದ ತುಂಬ ಹೆಂಗಸರು ಗದ್ದಲವೆಬ್ಬಿಸಿದ್ದರು. 29ರಂದು ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಪತ್ರ ಬರೆದು, ಕಿರಾಣಿ ಅಂದರೆ ಅದರಲ್ಲಿ ಸೋಪು, ಟೂತ್‌ಪೇಸ್ಟಿನ ಜೊತೆ ಸ್ಯಾನಿಟರಿ ಪ್ಯಾಡೂ ಸೇರಿತು ಅಂತ ಸ್ಪಷ್ಟ ಮಾಡಿತ್ತು. ಆ ಪತ್ರ ವಾಟ್ಸಾಪಿನಲ್ಲಿ ನನಗೂ ಬಂದಿತ್ತು. ಹುಡುಗನ ಫೋನಿಗೆ ಕಳಿಸಿದೆ, ಅವನು ಸಾಹೇಬರಿಗೆ ಹಿಡಿದು ತೋರಿಸಿದ. ಅವರು ಓದುತ್ತ ಕನ್ನಡಕ ಒರೆಸಿಕೊಂಡರು, ಮತ್ತೆ ಓದಿದರು. "ಬರಕೋ," ಅಂದರು. ಕಾನೂನು ಗೆದ್ದಿತೋ, ಮಳೆಯಲ್ಲಿ ವಾದ ಸಾಕೆನಿಸಿತೋ, ಹೇಳಲಾರೆ. ಸಂಜೆ 60 ಪ್ಯಾಕೆಟ್ ಬಂತು.

ಇಷ್ಟಕ್ಕೇ ನಾನು ಊರು ಗೆದ್ದವಳ ಹಾಗೆ ತಿರುಗಾಡುತ್ತಿದ್ದೆ. ನಿಜವಾದ ಪೇಚು ಶುರುವಾದದ್ದು ಆ ರಾತ್ರಿ.

ಎಲ್ಲರೂ ಪ್ಯಾಕೆಟ್ ಒಯ್ದ ಮೇಲೆ ಒಬ್ಬಳು ಉಳಿದಳು. ರೋಣದ ಕಡೆಯವಳು, ಕಂಕುಳಲ್ಲಿ ಎಂಟು ತಿಂಗಳ ಕೂಸು. "ನನಗ ಪ್ಯಾಡ್ ಬ್ಯಾಡ್ರಿ ಅಕ್ಕೋರ," ಅಂದಳು. ಮತ್ತೆ ಮಾತಿಲ್ಲ. ಕೂಸಿನ ಟೋಪಿಯ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಎರಡು ಮುಟ್ಟು ತಪ್ಪಿದ್ದವು. ಮಾರ್ಚಿನಲ್ಲಿ ವಂಕಿ, ಅಂದರೆ ಬಸುರಾಗದ ಹಾಗೆ ಒಳಗಿಡುವ ಕಾಪರ್-ಟಿ, ಹಾಕಿಸಿಕೊಳ್ಳಬೇಕೆಂದು ದಿನ ಗೊತ್ತು ಮಾಡಿಕೊಂಡಿದ್ದಳಂತೆ. ಅಷ್ಟರಲ್ಲಿ ಎಲ್ಲ ಬಂದ್. ಏಪ್ರಿಲ್ ಪೂರ್ತಿ ಗಂಡ ಮನೆಯಲ್ಲಿ. ಮೇ ತಿಂಗಳಲ್ಲಿ ಮಾವ ತೀರಿದರೆಂದು ಪಾಸ್ ಮಾಡಿಸಿಕೊಂಡು ಊರಿಗೆ ಹೋದವನು, ಗುಡ್ಡ ಸೀಲಾಗಿ ಅಲ್ಲೇ ಉಳಿದ. "ಇದು ನಾಕನೇದ್ರಿ. ನನ್ನ ಕೈಲೆ ಆಗೂದಿಲ್ರಿ. ತಗಸಬೇಕು."

ಅವಳಾಗಲೇ ಒಂದು ಖಾಸಗಿ ದವಾಖಾನೆಗೆ ಫೋನ್ ಮಾಡಿಸಿದ್ದಳು. ಎರಡು ಮಾತು ಹೇಳಿದ್ದರು: ಮೊದಲು ಕೊರೊನಾ ರಿಪೋರ್ಟ್ ತಾ, ಆಮೇಲೆ ಗಂಡನ ಸಹಿ ತಾ. ರಿಪೋರ್ಟ್ ಕೇಳಿದ್ದು ಸರಿ, ಆ ದಿನಗಳಲ್ಲಿ ಅವರ ಭಯವೂ ಸುಳ್ಳಲ್ಲ. ಗಂಡನ ಸಹಿ? 1971ರ ಗರ್ಭಪಾತ ಕಾಯ್ದೆಯಲ್ಲಿ ಹದಿನೆಂಟು ತುಂಬಿದ ಹೆಂಗಸಿಗೆ ಅವಳದೇ ಒಪ್ಪಿಗೆ ಸಾಕು. ಗಂಡನದು, ಅತ್ತೆಯದು, ಯಾರದೂ ಬೇಕಿಲ್ಲ. ಅದು ನನಗೆ ಗೊತ್ತಿದ್ದದ್ದು ನನ್ನದೇ ಒಂದು ಹಳೆಯ ಸಂಕಟದಿಂದ. ಆ ಕತೆ ಇಲ್ಲಿ ಬೇಡ.

ಬೆರಳು ಮಡಚಿ ಎಣಿಸಿದೆವು. ಹತ್ತು ವಾರ. ಆಗಿನ ಕಾನೂನಿನಲ್ಲಿ ಹನ್ನೆರಡು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅದು ದಾಟಿದರೆ ಇಬ್ಬರು ಬೇಕು. ಒಬ್ಬರೇ ಸಿಗದ ಕಾಲದಲ್ಲಿ ಇಬ್ಬರನ್ನು ಎಲ್ಲಿಂದ ತರುವುದು? ಬೇರೆಯವರಿಗೆ ಲಾಕ್‌ಡೌನ್ ಅಂದರೆ ಕಾಲವೇ ನಿಂತ ಹಾಗೆ. ಇವಳಿಗೆ ಮಾತ್ರ ಕಾಲ ಓಡುತ್ತಿತ್ತು.

ಮರುದಿನ ತಪಾಸಣೆಗೆ ಬಂದ ನರ್ಸ್‌ಬಾಯಿಯನ್ನು ಪಕ್ಕಕ್ಕೆ ಕರೆದೆ. ಪಿಪಿಇ ಕಿಟ್ಟಿನೊಳಗೆ ಬೆವೆತು ಬೆಂದಿದ್ದಳು, ಕಣ್ಣು ಮಾತ್ರ ಕಾಣುತ್ತಿದ್ದವು. ಏಪ್ರಿಲಿನಲ್ಲೇ ಕೇಂದ್ರ ಆರೋಗ್ಯ ಇಲಾಖೆ ಹೆರಿಗೆಯ ಜೊತೆ ಗರ್ಭಪಾತವನ್ನೂ ಅಗತ್ಯ ಸೇವೆ ಅಂದಿದೆಯಲ್ಲ ಅಂತ ನಾನು ಶುರು ಮಾಡಿದರೆ, ಅವಳು ಕೈ ಎತ್ತಿ ತಡೆದಳು. "ಟೀಚರ್, ನನಗೆ ಕಾನೂನು ಬೇಡ. ವಾರ ಎಷ್ಟು, ಅದು ಹೇಳಿ." ಅಷ್ಟೇ. ಮಧ್ಯಾಹ್ನ ಸ್ವಾಬ್ ತೆಗೆಸಿದಳು. ಮೂರನೇ ದಿನ ನೆಗೆಟಿವ್ ಬಂತು. ನಾಲ್ಕನೇ ದಿನ ಆಂಬ್ಯುಲೆನ್ಸ್ ಬ್ಯಾರಿಕೇಡಿಗೆ ಬಂದು ನಿಂತಿತು. ಸರಕಾರಿ ಆಸ್ಪತ್ರೆಯ ಫಾರ್ಮಿನಲ್ಲಿ ಸಹಿಯ ಜಾಗದಲ್ಲಿ ಅವಳೇ ಹೆಬ್ಬೆಟ್ಟು ಒತ್ತಿದಳಂತೆ. ಗಂಡನ ವಿಷಯ ಯಾರೂ ಎತ್ತಲಿಲ್ಲವಂತೆ. ಕೂಸು ನನ್ನ ಹತ್ತಿರ ಇತ್ತು. ಬಾಟಲಿ ಹಾಲು ಮುಟ್ಟಲಿಲ್ಲ, ನನ್ನ ಸರವನ್ನು ಮಾತ್ರ ಜಗಿದು ಜಗಿದು ಹಾಳು ಮಾಡಿತು.

ಮುಂದಿನ ವಾರ ಬ್ಯಾರಿಕೇಡಿಗೆ ಹೋದಾಗ ಆ ಹುಡುಗ ನನ್ನನ್ನು ದೂರದಿಂದಲೇ ಕಂಡು, ಮಳೆಯನ್ನೂ ಮೀರಿಸುವ ದನಿಯಲ್ಲಿ ಕೇಳಿದ: "ಟೀಚರ್, ದೊಡ್ಡ ಸೈಜೋ, ಸಣ್ಣದೋ?" ಈ ಸಲ ಬೇರೆ ಕಡೆ ನೋಡಿದವಳು ನಾನು.

ರೋಣದವಳು ಹಿತ್ತಿಲ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ಆಂಬ್ಯುಲೆನ್ಸಿನಲ್ಲಿ ಹೋಗಿ ಬಂದದ್ದನ್ನು ಇಡೀ ಓಣಿ ನೋಡಿತ್ತು. ಆಂಬ್ಯುಲೆನ್ಸ್ ಹತ್ತಿದ ಮನೆಯವರ ಜೊತೆ ಜನ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದ ಕಾಲ ಅದು. ಕೆಮ್ಮು ಬಂದರೆ ದಿಂಬಿನಲ್ಲಿ ಮುಖ ಒತ್ತಿ ಕೆಮ್ಮುತ್ತಿದ್ದರು, ಪಕ್ಕದ ಮನೆಗೆ ಕೇಳಬಾರದೆಂದು. ಓಣಿಯವರಿಗೆ ಏನು ಹೇಳಿದೆ ಅಂತ ಕೇಳಿದೆ.

"ಕೊರೊನಾ ಬಂದಿತ್ತು ಅಂತ ಹೇಳೀನ್ರಿ," ಅಂದಳು. ಕೊಡ ತುಂಬಿತ್ತು, ನಲ್ಲಿ ನಿಲ್ಲಿಸಿ ಸಿಂಬೆ ಸರಿಮಾಡಿಕೊಂಡಳು.