ಇಪ್ಪತ್ತೇ ನಿಮಿಷಕ್ಕೆ ನಿಂತುಬಿಡುತ್ತಿದ್ದ ಸ್ಪಿಟ್‌ಫೈರ್

ಕಳೆದ ಬೇಸಿಗೆ ಪೂರ್ತಿ ನನ್ನ ಗಾಡಿ ಒಂದೇ ಆಟ ಆಡಿತು. ಬೆಳಗ್ಗೆ ಸೆಲ್ಫ್ ಸ್ಟಾರ್ಟರ್ ಅರ್ಧ ಒತ್ತಿದರೇ ಸ್ಟಾರ್ಟ್ ಆಗುತ್ತಿತ್ತು. ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಒಂದೆರಡು ಸಲ ಮಿಸ್ ಹೊಡೆದು ಪಟ್ಟನೆ ಆಫ್. ರಸ್ತೆ ಬದಿಗೆ ತಳ್ಳಿ ಅರ್ಧ ಗಂಟೆ ಕಾದರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಹಳೇ ಗಾಡಿ ಇಟ್ಟುಕೊಂಡವರಿಗೆ ಗೊತ್ತು, ಪೂರ್ತಿ ಕೆಟ್ಟು ನಿಂತದ್ದನ್ನು ಸರಿ ಮಾಡಬಹುದು, ಹೀಗೆ ಬಂದು ಹೋಗುವ ತೊಂದರೆಯನ್ನು ಹಿಡಿಯೋದೇ ಕಷ್ಟ.

ಗಾಡಿ 1976ರ ಟ್ರಯಂಫ್ ಸ್ಪಿಟ್‌ಫೈರ್ 1500 ಅನ್ನೋ ಕಾರು. ಅರಿಶಿನದ ಬಣ್ಣ. ನಾನಿರೋದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ, ಈ ಗಾಡಿ ತಯಾರಾದ ಕ್ಯಾನ್ಲಿ ಇದೇ ಊರಿನ ಒಂದು ಬಡಾವಣೆ. 1980ರಲ್ಲಿ ಕೊನೇ ಸ್ಪಿಟ್‌ಫೈರ್ ಅಲ್ಲಿಂದ ಹೊರಗೆ ಬಂತು. ಟ್ರಯಂಫ್ ಕಾರಿನ ಹೆಸರು ಈಗ ಬಿಎಂಡಬ್ಲ್ಯು ಕೈಯಲ್ಲಿದೆ, ಕಾರು ಮಾತ್ರ ಇಲ್ಲ. ಆದರೆ ನನಗೆ ಈ ಗಾಡಿ ಬೇಕು ಅನ್ನಿಸಿದ್ದಕ್ಕೆ ಕಾರಣ ಕೊವೆಂಟ್ರಿ ಅಲ್ಲ, ಮೈಸೂರು. ಅಪ್ಪನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ಮಾಡುತ್ತಿದ್ದ ಆ ಹೆರಾಲ್ಡ್ ಮೂಲದಲ್ಲಿ ಟ್ರಯಂಫ್ ಹೆರಾಲ್ಡೇ. ಅದರ ಚಾಸಿಯನ್ನು ಗಿಡ್ಡ ಮಾಡಿ ಅದರ ಮೇಲೆ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕಟ್ಟಿದ್ದು 1962ರಲ್ಲಿ, ಅದೇ ಸ್ಪಿಟ್‌ಫೈರ್. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಜಿಯೊವಾನಿ ಮಿಕೆಲೋಟಿ. ಇಡೀ ಬಾನೆಟ್ಟು ಮೂತಿ ಸಮೇತ ಮುಂದಕ್ಕೆ ಮಗುಚಿಕೊಳ್ಳೋದೂ ಎರಡರಲ್ಲೂ ಒಂದೇ. ಮುಂದಿನ ಟೈರ್ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಅಪ್ಪ ಹಾಗೆ ಕೂತು ಪ್ಲಗ್ ಒರೆಸುತ್ತಿದ್ದದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ.

ಸರಿ, ನಿಲ್ಲುವ ವಿಷಯಕ್ಕೆ ಬರ್ತೀನಿ. ಬಿಸಿಯಾದ ಮೇಲೆ ನಿಲ್ಲುತ್ತೆ ಅಂದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಅದಕ್ಕೆ ಕಾರಣವೂ ಇತ್ತು. 2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲಿನಲ್ಲಿ ಹತ್ತು ಪರ್ಸೆಂಟ್ ತನಕ ಎಥೆನಾಲ್ ಇರುತ್ತೆ, ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರಲ್ಲ. ಪೈಪು ಬದಲಾಯಿಸಿದೆ. ಪೆಟ್ರೋಲ್ ಪಂಪ್ ಹೊಸದು ಹಾಕಿದೆ. ಪೆಟ್ರೋಲನ್ನು ಗಾಳಿ ಜೊತೆ ಬೆರೆಸುವ ಎರಡೂ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಅದರೊಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯ, ಅಂದರೆ ಫ್ಲೋಟ್ ಚೇಂಬರಿನ, ಸೂಜಿ ಹೊಸದು ಹಾಕಿದೆ. ಹತ್ತಿರ ಹತ್ತಿರ ಇನ್ನೂರು ಪೌಂಡ್ ಹೋಯಿತು. ಅದರ ಮಾರನೇ ಭಾನುವಾರ ಕೆನಿಲ್‌ವರ್ತ್ ರಸ್ತೆಯಲ್ಲಿ ಸರಿಯಾಗಿ ಇಪ್ಪತ್ತನೇ ನಿಮಿಷಕ್ಕೆ ಮತ್ತೆ ನಿಂತಿತು.

ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅವರಿಗೀಗ ಎಪ್ಪತ್ತೆಂಟು. ಹೆರಾಲ್ಡ್ ಮಾರಿ ಮೂವತ್ತು ವರ್ಷದ ಮೇಲಾಯಿತು.

"ಫ್ಲೋಟ್ ಚೇಂಬರ್ ಮುಚ್ಚಳ ತೆಗಿ. ಪೆಟ್ರೋಲ್ ಇದೆಯಾ?"

ಮೂರು ಸ್ಕ್ರೂ ಬಿಚ್ಚಿ ನೋಡಿದೆ. ತುಂಬಿತ್ತು.

"ಹಂಗಾದ್ರೆ ಕಾರ್ಬ್ಯುರೇಟರ್ ಯಾಕೋ ಮುಟ್ಟಿದೆ? ಕರೆಂಟ್ ಕಡೆ ನೋಡು. ಡೆಲ್ಕೋ ಮುಚ್ಚಳ ತೆಗಿ."

ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್, ಒಂದೊಂದು ಪ್ಲಗ್ಗಿಗೂ ಸರದಿಯಲ್ಲಿ ಕರೆಂಟ್ ಹಂಚುವ ಡಬ್ಬಿ. ನಮ್ಮ ಕಡೆ ಯಾವ ಕಂಪನಿಯದಾದರೂ ಮೆಕ್ಯಾನಿಕ್ ಬಾಯಲ್ಲಿ ಅದು ಡೆಲ್ಕೋನೇ. ನನ್ನದು ಲ್ಯೂಕಾಸ್. ಮುಚ್ಚಳ ತೆಗೆದು, ರೋಟರ್ ಕಿತ್ತಿಟ್ಟು, ಕೀ ಆನ್ ಮಾಡಿ, ಒಂದು ಐಸ್‌ಕ್ರೀಂ ಕಡ್ಡಿಯಿಂದ ಪಾಯಿಂಟನ್ನು, ಅಂದರೆ ಕರೆಂಟನ್ನು ಕಡಿದು ಸೇರಿಸುವ ಪುಟ್ಟ ಸ್ವಿಚ್ಚನ್ನು, ಮೆಲ್ಲಗೆ ತೆರೆದೆ. ಫೋನ್ ಹತ್ತಿರ ಹಿಡಿದಿದ್ದೆ. ಪಾಯಿಂಟ್ ಬಿಟ್ಟುಕೊಂಡಾಗಲೆಲ್ಲ ದಪ್ಪ ನೀಲಿ ಕಿಡಿ ಅಲ್ಲೇ ಹಾರುತ್ತಿತ್ತು. ಆದರೆ ಕಾಯಿಲ್‌ನಿಂದ (ಕಿಡಿಗೆ ಬೇಕಾದ ಜೋರು ಕರೆಂಟ್ ಮಾಡಿಕೊಡುವುದು ಅದೇ) ಬರುವ ದಪ್ಪ ವೈರಿನ ತುದಿಯನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಎಂಜಿನ್ ಹತ್ತಿರ ಹಿಡಿದರೆ, ಬೇಕಾದ ಕಡೆ ಬರುತ್ತಿದ್ದದ್ದು ಕೂದಲೆಳೆಯಷ್ಟು ಹಳದಿ ಕಿಡಿ.

"ಪಾಯಿಂಟ್ ಹತ್ರ ಅಷ್ಟು ಕಿಡಿ ಹಾರ್ತಿದೆ ಅಂದ್ರೆ ಕಂಡೆನ್ಸರ್ ಹೋಗಿದೆ ಕಣೋ," ಅಂದರು ಅಪ್ಪ.

ಕಂಡೆನ್ಸರ್ ಕೆಲಸ ಇಷ್ಟೇ. ಪಾಯಿಂಟ್ ತೆರೆದ ಕ್ಷಣದಲ್ಲಿ ನುಗ್ಗುವ ಕರೆಂಟನ್ನು ಅದು ತನ್ನೊಳಗೆ ಎಳೆದುಕೊಳ್ಳಬೇಕು. ಆಗ ಪಾಯಿಂಟ್ ಮೇಲೆ ಕಿಡಿ ಹಾರಲ್ಲ, ಕಾಯಿಲ್‌ನಲ್ಲಿ ಕರೆಂಟ್ ಪಟ್ಟನೆ ಕಡಿದುಹೋಗುತ್ತೆ, ಪ್ಲಗ್ಗಿಗೆ ಜೋರಾದ ಕಿಡಿ ಸಿಗುತ್ತೆ. ಅದು ಕೆಲಸ ಮಾಡದಿದ್ದರೆ ಎಲ್ಲಾ ಉಲ್ಟಾ. ಪರೀಕ್ಷೆ ಮಾಡೋದೂ ಸುಲಭ: ಚೆನ್ನಾಗಿರುವ ಇನ್ನೊಂದು ಕಂಡೆನ್ಸರಿನ ವೈರನ್ನು, ಪಾಯಿಂಟ್ ಕಡೆಗೆ ಹೋಗುವ ಕಾಯಿಲ್ ಟರ್ಮಿನಲ್ಲಿಗೆ ಸಿಕ್ಕಿಸಿ, ಅದರ ಡಬ್ಬಿಯನ್ನು ಅರ್ಥ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ, ತಾಗಿಸಿದರೆ ಸಾಕು. ಕೆಟ್ಟದ್ದನ್ನು ಬಿಚ್ಚೋದೂ ಬೇಡ, ಆದರೆ ಅದು ಒಳಗೇ ಶಾರ್ಟ್ ಆಗಿದ್ದರೆ ಬಿಚ್ಚಲೇಬೇಕು. ನನ್ನದು ಶಾರ್ಟ್ ಆಗಿರಲಿಲ್ಲ. ಟೂಲ್‌ಬಾಕ್ಸಿನಲ್ಲಿ ಹಳೇ ಓನರ್ ಬಿಟ್ಟುಹೋಗಿದ್ದ ಒಂದು ತುಕ್ಕು ಹಿಡಿದ ಕಂಡೆನ್ಸರ್ ಇತ್ತು. ತಾಗಿಸಿದೆ. ಬಿಸಿ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ನನಗೆ ಬೇಜಾರಾಗಿದ್ದು ಯಾಕೆ ಗೊತ್ತಾ? ಕೆಟ್ಟಿದ್ದ ಕಂಡೆನ್ಸರ್ ಹೊಸದು. ಆನ್‌ಲೈನ್ ಅಂಗಡಿಯೊಂದರಿಂದ ವಸಂತದಲ್ಲಿ ತರಿಸಿ ನಾನೇ ಹಾಕಿದ್ದು. ಮನೆಗೆ ಬಂದು ಅದರ ಡಬ್ಬಿ ಕತ್ತರಿಸಿ ನೋಡಿದೆ. ಒಳಗೆ ತೆಳುವಾದ ಹಾಳೆಯ ಸುರುಳಿ. ಹೊರಗಿನ ವೈರು ಆ ಸುರುಳಿಗೆ ಬೆಸುಗೆ ಹಾಕಿರಲೇ ಇಲ್ಲ, ಒಂದು ತಗಡಿನ ಚೂರು ಸುಮ್ನೆ ಒತ್ತಿಕೊಂಡು ಕೂತಿತ್ತು, ಅಷ್ಟೇ. ಬಿಸಿಗೆ ಅದು ಸಡಿಲ ಆಗೋದು, ತಣ್ಣಗಾದಾಗ ಮತ್ತೆ ತಾಗೋದು. ಹೊಸ ಪಾರ್ಟ್ ಅಂದರೆ ಒಳ್ಳೇ ಪಾರ್ಟ್ ಅಲ್ಲ. ಅದಕ್ಕೇ ಬಿಚ್ಚಿದ ಹಳೇ ಪಾರ್ಟನ್ನು ಹೊಸದು ಒಂದು ವರ್ಷ ಓಡುವ ತನಕ ನಾನು ಎಸೆಯಲ್ಲ.

ಸೆಪ್ಟೆಂಬರಿನಲ್ಲಿ ಚಿಕ್ಕಪ್ಪನ ಮಗಳು ಓದೋಕೆ ಬರ್ಮಿಂಗ್‌ಹ್ಯಾಮಿಗೆ ಬಂದಳು. ಅಪ್ಪ ಅವಳ ಕೈಲಿ ಬೆಂಗಳೂರಿನ ಜೆ.ಸಿ. ರೋಡಿನಿಂದ ಅಂಬಾಸಿಡರ್ ಗಾಡಿಯ ನಾಲ್ಕು ಕಂಡೆನ್ಸರ್ ಕಳಿಸಿದರು, ಚಟ್ನಿಪುಡಿ ಡಬ್ಬದ ಪಕ್ಕದಲ್ಲಿ. ಡಿಸ್ಟ್ರಿಬ್ಯೂಟರ್ ಒಳಗೆ ಅದು ಕೂರಲ್ಲ, ಕೂರಬೇಕಾಗೂ ಇಲ್ಲ. ಕಾಯಿಲ್ ಹಿಡಿದಿರುವ ಬೋಲ್ಟಿಗೇ ಹೊರಗಡೆ ಕಟ್ಟಿದ್ದೇನೆ, ಎಂಜಿನ್ ಬಿಸಿಯಿಂದ ಸ್ವಲ್ಪ ದೂರ. ಪಾಯಿಂಟ್ ಸುಟ್ಟಿತ್ತು, ಅದನ್ನೂ ಬದಲಾಯಿಸಿ 15 ಥೌ ಗ್ಯಾಪ್ ಇಟ್ಟೆ. ಥೌ ಅಂದರೆ ಒಂದು ಇಂಚಿನ ಸಾವಿರ ಭಾಗದಲ್ಲಿ ಒಂದು ಭಾಗ.

ಪಾರ್ಟ್ ಹುಡುಕೋ ಬಗ್ಗೆ ತುಂಬಾ ಜನ ಕೇಳ್ತಾರೆ. ಈ ಗಾಡಿ ಮಟ್ಟಿಗೆ ಪುಣ್ಯ. ಮುಂದಿನ ಸಸ್ಪೆನ್ಶನ್ನಿನ ಎಷ್ಟೋ ಭಾಗ ಹೆರಾಲ್ಡ್ ಜೊತೆ ಹಂಚಿಕೊಂಡದ್ದು, 1493 ಸಿಸಿ ಎಂಜಿನ್ 1974ರಿಂದ ಎಂಜಿ ಮಿಡ್ಜೆಟ್ ಅನ್ನೋ ಇನ್ನೊಂದು ಕಾರಿನಲ್ಲೂ ಇತ್ತು. ಹಾಗಾಗಿ ಸ್ಪಿಟ್‌ಫೈರ್ ಅಂತ ಹುಡುಕಬೇಡಿ, ಪಾರ್ಟ್ ನಂಬರ್ ಹಾಕಿ ಹುಡುಕಿ. ಆರ್ಡರ್ ಮಾಡುವಾಗ ಇಸವಿ ಹೇಳಿದರೆ ಸಾಲದು, ಪ್ಲೇಟ್ ಮೇಲಿರುವ ಎಫ್‌ಎಚ್ ಅಂತ ಶುರುವಾಗುವ ನಂಬರ್ ಕೊಡಿ, ಯಾಕಂದ್ರೆ ವರ್ಷದ ನಡುವೆಯೇ ಪಾರ್ಟ್ ಬದಲಾಗುತ್ತಿತ್ತು. ಇಲ್ಲಿನ ಬ್ಯೂಲಿ ಅನ್ನೋ ಊರಲ್ಲಿ ಸೆಪ್ಟೆಂಬರಿನಲ್ಲಿ ಹಳೇ ಪಾರ್ಟಿನ ದೊಡ್ಡ ಸಂತೆ ನಡೆಯುತ್ತೆ, ನಮ್ಮ ಶಿವಾಜಿನಗರದ ಗುಜರಿಯನ್ನು ಹುಲ್ಲುಗಾವಲಲ್ಲಿ ಹರಡಿದ ಹಾಗೆ. ಅಲ್ಲಿ ಬಳಸದೇ ಉಳಿದ ಹಳೇ ಸ್ಟಾಕ್ ಸಿಕ್ಕರೆ ಹಿತ್ತಾಳೆ, ಉಕ್ಕಿನ ಪಾರ್ಟ್ ಧೈರ್ಯವಾಗಿ ತಗೊಳ್ಳಿ. ರಬ್ಬರ್ ಮಾತ್ರ ಬೇಡ. ಡಬ್ಬಿಯಲ್ಲಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ.

ಇನ್ನೆರಡು ವಿಷಯ ಹೇಳದೇ ಇರೋಕಾಗಲ್ಲ, ಜೀವದ ಪ್ರಶ್ನೆ ಒಂದು, ಎಂಜಿನ್ ಪ್ರಶ್ನೆ ಇನ್ನೊಂದು. ಮುಂದಿನ ಚಕ್ರದ ಒಳಬದಿಯಲ್ಲಿ ಕೆಳಗಡೆ ಟ್ರನಿಯನ್ ಅಂತ ಹಿತ್ತಾಳೆ ಬಣ್ಣದ ಒಂದು ತುಂಡಿದೆ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಕ್ಕೆ ಬಲಕ್ಕೆ ತಿರುಗೋದು ಅದರ ಥ್ರೆಡ್ ಮೇಲೆ. ಅದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಗಟ್ಟಿಯಾಗಿ ಕೆಳಗಿಳಿಯಲ್ಲ, ನೀರು ಸೇರುತ್ತೆ, ಒಳಗಿನ ಉಕ್ಕಿನ ಕಂಬ ತುಕ್ಕು ಹಿಡಿದು ಒಂದಿನ ತುಂಡಾಗಿ ಚಕ್ರ ಮಗುಚುತ್ತೆ. ಎರಡನೆಯದು ಕ್ರ್ಯಾಂಕಿನ ಥ್ರಸ್ಟ್ ವಾಷರ್. ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಹಿಂದೆ ಮುಂದೆ ಜರುಗದ ಹಾಗೆ ತಡೆಯೋದು ಅದೇ. ಒಬ್ಬರು ಕ್ಲಚ್ ಒತ್ತಲಿ, ನೀವು ಕ್ರ್ಯಾಂಕಿನ ಮುಂದಿನ ತುದಿಯ ಪುಲ್ಲಿ ನೋಡಿ. ಅದು ಕಣ್ಣಿಗೆ ಕಾಣೋ ಹಾಗೆ ಮುಂದೆ ಜರುಗಿದರೆ ಗಾಡಿ ಓಡಿಸಬೇಡಿ. ಅರ್ಧಚಂದ್ರದ ಆಕಾರದ ಆ ವಾಷರ್ ಸವೆದು ಕೆಳಗೆ ಬಿದ್ದರೆ ಎಂಜಿನ್ ಬ್ಲಾಕೇ ಹಾಳು. ಎಂಜಿನ್ ಇಳಿಸದೆ, ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿಯೇ ಬದಲಾಯಿಸಬಹುದು. ಗೆರೆ ಇರುವ ಮುಖ ಕ್ರ್ಯಾಂಕ್ ಕಡೆಗೇ ಬರಬೇಕು.

ಕಂಡೆನ್ಸರ್ ಕಟ್ಟಿದ ಭಾನುವಾರ ಒಂದೂವರೆ ಗಂಟೆ ನಿಲ್ಲಿಸದೆ ಓಡಿಸಿದೆ. ಮನೆ ಮುಂದೆ ಬಂದು, ಎಂಜಿನ್ ಆಫ್ ಮಾಡದೆ, ಬಾನೆಟ್ ಎತ್ತಿ, ಅಪ್ಪನಿಗೆ ಫೋನ್ ಮಾಡಿ ಶಬ್ದ ಕೇಳಿಸಿದೆ. ಸ್ವಲ್ಪ ಹೊತ್ತು ಅವರು ಮಾತೇ ಆಡಲಿಲ್ಲ.

"ಕಿಡಿ ಸರಿಯಾಗಿದೆ," ಅಂದರು ಆಮೇಲೆ. "ಒಂದು ಟ್ಯಾಪೆಟ್ ಲೂಸಿದೆ ನೋಡು."

ರಾತ್ರಿ ಪೂರ್ತಿ ತಣ್ಣಗಾಗಲು ಬಿಟ್ಟು ಬೆಳಗ್ಗೆ ಕವರ್ ತೆಗೆದೆ. ಟ್ಯಾಪೆಟ್ ಅಂದರೆ ವಾಲ್ವಿನ ಗ್ಯಾಪ್, ಅದು ಎಲ್ಲದಕ್ಕೂ 10 ಥೌ ಇರಬೇಕು. ಏಳು ವಾಲ್ವ್ ಸರಿ ಇದ್ದವು. ಐದನೆಯದು 14 ಇತ್ತು.