ದೇಹದೊಳಗಿನ ಲೋಹ, ಮೂರು ವರ್ಷದ ಕಾಗದ

ಕಳೆದ ವರ್ಷ ನನ್ನ ಸೋದರತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಎಪ್ಪತ್ತು ದಾಟಿದ ವಯಸ್ಸು. ತೊಡೆಮೂಳೆಯ ಗುಂಡಿನ ಕೆಳಗೇ ಮುರಿದಿದ್ದರಿಂದ ಮೂಳೆ ಕೂಡುವ ಭರವಸೆಯಿಲ್ಲವೆಂದು ಹೇಳಿ, ವೈದ್ಯರು ಕೃತಕ ಕೀಲನ್ನು ಅಳವಡಿಸಿದರು. ಶಸ್ತ್ರಚಿಕಿತ್ಸೆ ಸಸೂತ್ರವಾಗಿ ನಡೆಯಿತು, ಈಗ ಅವರು ಕೋಲಿನ ಹಂಗಿಲ್ಲದೆ ಅಂಗಳದಲ್ಲಿ ಓಡಾಡುತ್ತಾರೆ. ಆದರೆ ಬಿಡುಗಡೆಯ ದಿನ ಆಸ್ಪತ್ರೆಯ ಬಿಲ್ಲನ್ನು ಓದುತ್ತಾ ಹೋದಾಗ ಒಂದು ಸಂಗತಿ ಮನಸ್ಸಿಗೆ ಚುಚ್ಚಿತು. ಹತ್ತಿ, ಕೈಗವಸು, ಸಿರಿಂಜು, ಡ್ರಿಪ್ ಬಾಟಲಿ ಎಲ್ಲಕ್ಕೂ ಪ್ರತ್ಯೇಕ ಸಾಲು, ಪ್ರತ್ಯೇಕ ಬೆಲೆ ಇತ್ತು. ಇನ್ನು ಮುಂದೆ ಅವರ ಶರೀರದ ಭಾಗವಾಗಿಯೇ ಇರಬೇಕಾದ ವಸ್ತುವಿಗೆ ಮಾತ್ರ ‘ಇಂಪ್ಲಾಂಟ್’ ಎಂಬ ಒಂದೇ ಪದ, ಅದರ ಮುಂದೊಂದು ದೊಡ್ಡ ಮೊತ್ತ. ಯಾವ ಕಂಪನಿ, ಯಾವ ಮಾದರಿ ಎಂಬುದು ಡಿಸ್ಚಾರ್ಜ್ ಸಮ್ಮರಿಯಲ್ಲೂ ಇರಲಿಲ್ಲ.

ತುಮಕೂರಿನಲ್ಲಿ ಗ್ರಾಹಕ ಆಯೋಗದ ಮುಂದೆ ಹಲವು ವರ್ಷಗಳಿಂದ ಪ್ರಕರಣ ನಡೆಸುತ್ತಿರುವ ನನಗೆ ಇದನ್ನು ಹಾಗೆಯೇ ಬಿಡಲು ಆಗಲಿಲ್ಲ. “ಬಿಡು ಮಗಾ, ನಡೀತಾ ಇದೀನಲ್ಲ, ಅದು ಯಾವ ಕಂಪನೀದಾದ್ರೆ ನಮಗೇನು?” ಎಂದು ಅತ್ತೆ ಹೇಳಿದರು. ಆದರೂ ಅವರ ಸಹಿ ಹಾಕಿಸಿ ಅರ್ಜಿ ಕೊಟ್ಟೆ. ಎರಡು ಬಾರಿ ಅಲೆದ ಮೇಲೆ ದಾಖಲೆ ವಿಭಾಗದ ಸಿಬ್ಬಂದಿ ಕೇಸ್ ಶೀಟಿನ ಒಂದು ಪುಟವನ್ನು ತೆಗೆದು ತೋರಿಸಿದರು. ಅಲ್ಲಿ ನಾಲ್ಕು ಬಿಳಿ ಚೀಟಿಗಳು ಸಾಲಾಗಿ ಅಂಟಿಕೊಂಡಿದ್ದವು: ಸೊಂಟದ ಕುಳಿಯಲ್ಲಿ ಕೂರುವ ಬಟ್ಟಲಿಗೊಂದು, ಅದರ ಒಳಪದರಕ್ಕೊಂದು, ಅದರೊಳಗೆ ತಿರುಗುವ ಗುಂಡಿಗೊಂದು, ತೊಡೆಮೂಳೆಯೊಳಗೆ ಇಳಿಸುವ ಕಾಂಡಕ್ಕೊಂದು. ಪ್ರತಿಯೊಂದರ ಮೇಲೂ ತಯಾರಕರ ಹೆಸರು, ಮಾದರಿಯ ಸಂಖ್ಯೆ, ಯಾವ ಕಂತಿನಲ್ಲಿ ತಯಾರಾದದ್ದೆಂದು ತಿಳಿಸುವ ಲಾಟ್ ನಂಬರು, ಮಿಲಿಮೀಟರಿನಲ್ಲಿ ಅಳತೆ, ಮರಳುಗಡಿಯಾರದ ಚಿತ್ರದ ಪಕ್ಕದಲ್ಲಿ ಅವಧಿ ಮುಗಿಯುವ ತಿಂಗಳು ಇದ್ದವು. ಇಂಪ್ಲಾಂಟಿನ ಪೆಟ್ಟಿಗೆಯಲ್ಲಿ ಇಂತಹ ಚೀಟಿಗಳ ಹಲವು ಪ್ರತಿಗಳು ಇರುತ್ತವೆ. ಒಂದನ್ನು ರೋಗಿಯ ಕೈಗೆ ಕೊಡುವುದಕ್ಕೆ ಅರ್ಧ ನಿಮಿಷ ಸಾಕು. ಹಾಗಿದ್ದೂ ನಮಗೆ ಅದು ಸಿಕ್ಕಿರಲಿಲ್ಲ.

ಈ ಚೀಟಿಯ ಬಗ್ಗೆ ನನಗೇಕೆ ಇಷ್ಟು ಆತಂಕ ಎಂಬುದನ್ನು ಹೇಳಬೇಕಾದರೆ ಎಎಸ್‌ಆರ್ ಸೊಂಟದ ಕೀಲಿನ ಪ್ರಕರಣವನ್ನು ವಿವರಿಸಬೇಕು. ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡಿಪ್ಯೂ ಕಂಪನಿ ತಯಾರಿಸಿದ ಈ ಕೀಲಿನಲ್ಲಿ ಗುಂಡು ಮತ್ತು ಬಟ್ಟಲು ಎರಡೂ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದವು. ಬಟ್ಟಲನ್ನು ಅರ್ಧಗೋಳಕ್ಕಿಂತ ಕಡಿಮೆ ಆಳವಾಗಿ ರೂಪಿಸಲಾಗಿತ್ತು. ಅದು ಸ್ವಲ್ಪ ಓರೆಯಾಗಿ ಕುಳಿತರೂ ದೇಹದ ಭಾರವೆಲ್ಲ ಅಂಚಿನ ಮೇಲೆ ಬಿದ್ದು, ಲೋಹಕ್ಕೆ ಲೋಹ ಉಜ್ಜಿ ಸೂಕ್ಷ್ಮ ಕಣಗಳು ಸುತ್ತಲಿನ ಮಾಂಸಖಂಡಕ್ಕೂ, ಕೋಬಾಲ್ಟ್ ಮತ್ತು ಕ್ರೋಮಿಯಂ ಅಯಾನುಗಳು ರಕ್ತಕ್ಕೂ ಸೇರುತ್ತಿದ್ದವು. ನೋವು, ಬಾವು, ಕೀಲು ಸಡಿಲಗೊಳ್ಳುವುದು, ಕೊನೆಗೆ ಮತ್ತೆ ಕೊಯ್ದು ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು: ಸಾವಿರಾರು ಜನ ಅನುಭವಿಸಿದ್ದು ಇದನ್ನೇ. ಹದಿನೈದು ವರ್ಷ ಬಾಳಬೇಕಾದ ಕೀಲು ಐದೇ ವರ್ಷದಲ್ಲಿ ನೂರರಲ್ಲಿ ಹನ್ನೆರಡು ಹದಿಮೂರು ಮಂದಿಯಲ್ಲಿ ಕೈಕೊಡುತ್ತಿದೆ ಎಂಬುದು ಕೀಲು ಬದಲಾವಣೆಗಳನ್ನು ದಾಖಲಿಸುವ ಬ್ರಿಟನ್ನಿನ ನೋಂದಣಿ ದಾಖಲೆಗಳಿಂದ ಹೊರಬಿತ್ತು. ಆಸ್ಟ್ರೇಲಿಯಾದಲ್ಲಿ 2009ರ ಕೊನೆಯಲ್ಲೇ ಮಾರಾಟದಿಂದ ತೆಗೆದ ಈ ಉತ್ಪನ್ನವನ್ನು ಕಂಪನಿ 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಅಷ್ಟು ಹೊತ್ತಿಗೆ ಸುಮಾರು 93,000 ಜನರ ದೇಹದಲ್ಲಿ ಅದು ಕುಳಿತಾಗಿತ್ತು.

ಅಂಗಡಿಯ ಕಪಾಟಿನಲ್ಲಿರುವ ಮಾಲನ್ನು ಹಿಂದಕ್ಕೆ ಪಡೆಯಬಹುದು. ಮನುಷ್ಯನ ಸೊಂಟದಲ್ಲಿರುವುದನ್ನು ಹಿಂದಕ್ಕೆ ಪಡೆಯಬೇಕಾದರೆ ಮೊದಲು ಆ ಮನುಷ್ಯ ಯಾರೆಂದು ತಿಳಿದಿರಬೇಕು.

ಅಮೆರಿಕದಲ್ಲಿ ಸಾವಿರಾರು ಮೊಕದ್ದಮೆಗಳು ದಾಖಲಾಗಿ, ಫೆಡರಲ್ ಪ್ರಕರಣಗಳೆಲ್ಲ ಓಹಾಯೊದ ಒಂದು ನ್ಯಾಯಾಲಯದಲ್ಲಿ ಒಟ್ಟುಗೂಡಿದವು. ಅಲ್ಲಿನ ಕಾನೂನಿನ ಒಂದು ಸೂಕ್ಷ್ಮ ಇಲ್ಲಿ ಗಮನಾರ್ಹ. ಕಟ್ಟುನಿಟ್ಟಿನ ಪೂರ್ವಾನುಮೋದನೆ ಪಡೆದ ಸಾಧನಗಳ ಮೇಲೆ ರಾಜ್ಯ ಕಾನೂನಿನಡಿ ದಾವೆ ಹೂಡುವ ದಾರಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ರೀಗಲ್ ಪ್ರಕರಣದಲ್ಲಿ ಬಹುಮಟ್ಟಿಗೆ ಮುಚ್ಚಿಬಿಟ್ಟಿತು. ಆದರೆ ಎಎಸ್‌ಆರ್‌ನ ಪೂರ್ಣ ಕೀಲು ಮಾರುಕಟ್ಟೆಗೆ ಬಂದದ್ದು ‘ಈಗಾಗಲೇ ಇರುವ ಸಾಧನವನ್ನೇ ಹೋಲುತ್ತದೆ’ ಎಂಬ ಸರಳ ಮಾರ್ಗದಲ್ಲಿ, 2005ರಲ್ಲಿ. ಆ ಮಾರ್ಗದಲ್ಲಿ ಬಂದ ಸಾಧನಗಳ ವಿರುದ್ಧ ದಾವೆ ಹೂಡಬಹುದೆಂದು 1996ರಲ್ಲೇ, ಪೇಸ್‌ಮೇಕರ್ ಕುರಿತ ಲೋರ್ ಪ್ರಕರಣದಲ್ಲಿ, ತೀರ್ಮಾನವಾಗಿತ್ತು. ಕಂಪನಿಗೆ ಸುಲಭವಾಗಿ ಬಾಗಿಲು ತೆರೆದ ಮಾರ್ಗವೇ ಸಂತ್ರಸ್ತರಿಗೂ ಬಾಗಿಲು ತೆರೆಯಿತು. 2013ರ ನವೆಂಬರ್‌ನಲ್ಲಿ, ಮರುಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಸುಮಾರು 8,000 ಜನರಿಗಾಗಿ ಸುಮಾರು 250 ಕೋಟಿ ಡಾಲರ್‌ಗಳ ರಾಜಿ ಒಪ್ಪಂದವಾಯಿತು.

ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಇದೇ ಕೀಲು ಬಳಕೆಯಾಗಿತ್ತು. ಕೇಂದ್ರ ಸರ್ಕಾರ ಡಾ. ಅರುಣ್ ಕುಮಾರ್ ಅಗರ್ವಾಲ್ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ರಚಿಸಿದ್ದು 2017ರ ಫೆಬ್ರುವರಿಯಲ್ಲಿ, ಅಂದರೆ ಉತ್ಪನ್ನವನ್ನು ಹಿಂದಕ್ಕೆ ಪಡೆದು ಆರೂವರೆ ವರ್ಷ ಕಳೆದ ಮೇಲೆ. ಕನಿಷ್ಠ 20 ಲಕ್ಷ ರೂಪಾಯಿ ಮೂಲ ಪರಿಹಾರ ಕೊಡಬೇಕೆಂದು ಆ ಸಮಿತಿ ಹೇಳಿತು. ಅನಂತರ ವಯಸ್ಸು ಮತ್ತು ಅಂಗವೈಕಲ್ಯದ ಪ್ರಮಾಣಕ್ಕೆ ಅನುಗುಣವಾಗಿ 30 ಲಕ್ಷದಿಂದ ಸುಮಾರು 1.23 ಕೋಟಿಯವರೆಗಿನ ಸೂತ್ರವೊಂದು ಸಿದ್ಧವಾಯಿತು. ಅದನ್ನು ಪ್ರಶ್ನಿಸಿ ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. 2019ರ ಮೇ ತಿಂಗಳಲ್ಲಿ, ಮರುಶಸ್ತ್ರಚಿಕಿತ್ಸೆಯಾದ 67 ರೋಗಿಗಳಿಗೆ ತಲಾ 25 ಲಕ್ಷ ಕೊಡಲು ಅದು ಆ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು. ಕಂಪನಿಯ ಸಹಾಯವಾಣಿಯಲ್ಲಿ ನೋಂದಾಯಿಸಿಕೊಂಡವರೇ ಸಾವಿರದ ಆಸುಪಾಸು; ಉಳಿದ ಬಹುಪಾಲು ಜನರ ಪತ್ತೆಯೇ ಆಗಲಿಲ್ಲ. ಆ ಸಾವಿರಾರು ಜನರಲ್ಲಿ ಎಷ್ಟು ಮಂದಿ ವಯಸ್ಸಾದ ಮೇಲೆ ಸೊಂಟನೋವು ಸಹಜವೆಂದು ನೋವಿನ ಮಾತ್ರೆ ನುಂಗುತ್ತಾ ಕುಳಿತಿದ್ದರೋ ಎಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಂದು ನಮ್ಮ ಕಾನೂನು ದುರ್ಬಲವಾಗಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆರನೇ ಅಧ್ಯಾಯ ಉತ್ಪನ್ನ ಹೊಣೆಗಾರಿಕೆಗೇ ಮೀಸಲು. ತಯಾರಿಕೆಯಲ್ಲಿ ದೋಷವಿದ್ದರೂ, ವಿನ್ಯಾಸದಲ್ಲಿ ದೋಷವಿದ್ದರೂ, ಸರಿಯಾದ ಸೂಚನೆ ಮತ್ತು ಎಚ್ಚರಿಕೆ ಕೊಡದಿದ್ದರೂ ತಯಾರಕ ಹೊಣೆಗಾರನೆಂದು 84ನೇ ಕಲಂ ಹೇಳುತ್ತದೆ. ತಯಾರಕ ಯಾರೆಂದು ಗೊತ್ತಾಗದಿದ್ದಾಗ ಅಥವಾ ನೋಟಿಸು ತಲುಪಿಸಲು ಸಾಧ್ಯವಾಗದಿದ್ದಾಗ ಮಾರಾಟಗಾರನನ್ನು ಹಿಡಿಯಲು 86ನೇ ಕಲಂ ಅವಕಾಶ ಕೊಡುತ್ತದೆ, ಮಾರಾಟಗಾರ ಎಂಬ ಪದದೊಳಗೆ ಆಮದು ಮಾಡುವವನೂ ಸೇರುತ್ತಾನೆ. ಅಡುಗೆಮನೆಯ ಕುಕ್ಕರ್ ಸಿಡಿದರೆ ಈ ಅಧ್ಯಾಯ ಚೆನ್ನಾಗಿಯೇ ಕೆಲಸ ಮಾಡಬಲ್ಲದು: ಒಡೆದ ಮುಚ್ಚಳ ಕಣ್ಣೆದುರಿಗಿರುತ್ತದೆ, ಐಎಸ್‌ಐ ಗುರುತು ಮತ್ತು ಕಂಪನಿಯ ಹೆಸರು ಅದರ ಮೈಮೇಲೆಯೇ ಇರುತ್ತವೆ, ಯಾವ ದಿನ ಸಿಡಿಯಿತು ಎಂಬುದರಲ್ಲಿ ತಕರಾರಿಲ್ಲ. ದೇಹದೊಳಗಿನ ಸಾಧನಕ್ಕೆ ಇದ್ಯಾವುದೂ ಅನ್ವಯವಾಗದು. ಅದನ್ನು ರೋಗಿ ಆರಿಸಿರುವುದಿಲ್ಲ, ಎಷ್ಟೋ ಬಾರಿ ಕಣ್ಣಿಂದ ನೋಡಿರುವುದೂ ಇಲ್ಲ.

ಅದೇ ಕಾಯ್ದೆಯ 87ನೇ ಕಲಮಿನಲ್ಲಿ ಇನ್ನೊಂದು ತೊಡಕಿದೆ. ತಜ್ಞರೇ ಬಳಸಬೇಕಾದ ಉತ್ಪನ್ನವಾಗಿದ್ದು, ಆ ತಜ್ಞರಿಗೆ ಎಚ್ಚರಿಕೆ ತಲುಪಿಸಲು ತಯಾರಕ ಯುಕ್ತ ಕ್ರಮ ಕೈಗೊಂಡಿದ್ದರೆ, ಎಚ್ಚರಿಕೆ ಕೊಡಲಿಲ್ಲವೆಂಬ ಆಧಾರದ ಮೇಲೆ ಅವನನ್ನು ಹೊಣೆ ಮಾಡುವಂತಿಲ್ಲ. ಅಂದರೆ ಕಂಪನಿಯ ಎಚ್ಚರಿಕೆ ಪತ್ರ ಶಸ್ತ್ರವೈದ್ಯರ ಮೇಜಿನವರೆಗೆ ಬಂದು ಅಲ್ಲಿಯೇ ನಿಂತರೂ ಕಂಪನಿ ಪಾರಾಗಬಹುದು. ವಿನ್ಯಾಸದ ದೋಷವನ್ನು ಪ್ರತ್ಯೇಕವಾಗಿ ವಾದಿಸುವ ದಾರಿ ತೆರೆದಿರುತ್ತದೆ ನಿಜ, ಆದರೆ ಅದಕ್ಕೆ ತಜ್ಞರ ಸಾಕ್ಷ್ಯ ಬೇಕು, ಮಾದರಿ ಯಾವುದೆಂಬ ಖಚಿತ ದಾಖಲೆ ಬೇಕು.

ದಾಖಲೆಯ ಸ್ಥಿತಿ ನೋಡಿ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಯ್ದಿಟ್ಟರೆ ಸಾಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದೂ ಅದರಲ್ಲಿಯೇ ಇದೆ. ಕೀಲು ಹದಿನೈದು ವರ್ಷ ಇರಬೇಕಾದದ್ದು, ಅದರ ಜಾತಕ ಮೂರು ವರ್ಷದ್ದು! ಐದನೇ ವರ್ಷದಲ್ಲಿ ನೋವು ಶುರುವಾದವರು ಯಾವ ಲಾಟ್ ನಂಬರನ್ನು ತಂದು ಆಯೋಗದ ಮುಂದೆ ಇಡಬೇಕು?

ಕಾಲಮಿತಿಯದ್ದು ಇನ್ನೊಂದು ಕಷ್ಟ. ವ್ಯಾಜ್ಯ ಕಾರಣ (ದೂರಿಗೆ ಆಧಾರವಾದ ಸಂಗತಿ) ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ. ದೋಷ ಗೊತ್ತಾದ ದಿನದಿಂದ ಎಣಿಸಬೇಕೆಂದು ನಾವು ವಾದಿಸುತ್ತೇವೆ, ಆ ತತ್ವವನ್ನು ನ್ಯಾಯಾಲಯಗಳೂ ಒಪ್ಪುತ್ತವೆ. ಆದರೆ 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ನನ್ನನ್ನು ಸದಾ ಎಚ್ಚರಿಸುತ್ತದೆ. 1993ರ ಶಸ್ತ್ರಚಿಕಿತ್ಸೆಯಲ್ಲಿ ಮಹಿಳೆಯೊಬ್ಬರ ಹೊಟ್ಟೆಯೊಳಗೆ ಉಳಿದಿದ್ದ, ರಕ್ತ ಒರೆಸುವ ಗಾಜ್ ಬಟ್ಟೆ 2002ರಲ್ಲಿ, ಇನ್ನೊಂದು ಶಸ್ತ್ರಚಿಕಿತ್ಸೆಯ ವೇಳೆ ಸಿಕ್ಕಿತು. ಅಷ್ಟು ವರ್ಷ ನೋವಿದ್ದರೂ, ತಾನೇ ನರ್ಸ್ ಆಗಿದ್ದ ಆಕೆ ಮೊದಲೇ ಕಾರಣ ಹುಡುಕಬೇಕಿತ್ತೆಂದು ಹೇಳಿ, ದೂರು ಅವಧಿ ಮೀರಿದೆ ಎಂದು ತಳ್ಳಿಹಾಕಲಾಯಿತು. ಆ ತೀರ್ಪು ಆ ರೋಗಿಯ ಮಟ್ಟಿಗೆ ಕಠಿಣವಾಯಿತೆಂದೇ ನನ್ನ ಅಭಿಪ್ರಾಯ. ನೋವನ್ನು ಸಹಿಸಿಕೊಂಡು ಬದುಕುವುದು ನಮ್ಮಲ್ಲಿ, ಅದರಲ್ಲೂ ಹೆಂಗಸರಲ್ಲಿ, ಎಷ್ಟು ಸಾಮಾನ್ಯವೆಂಬುದು ಆ ಲೆಕ್ಕದಲ್ಲಿ ಸೇರಿಲ್ಲ.

ನಾನು ಕೈಯಾರೆ ಸೋತ ಒಂದು ವಿಷಯವನ್ನೂ ಹೇಳಬೇಕು. ತೊಡೆಮೂಳೆಗೆ ಹಾಕಿದ ಪ್ಲೇಟು ಎಂಟೇ ತಿಂಗಳಲ್ಲಿ ನಡುವೆ ತುಂಡಾದ ರೈತರೊಬ್ಬರು ನನ್ನ ಬಳಿ ಬಂದಿದ್ದರು. ಎಕ್ಸ್‌ರೇಯಲ್ಲಿ ಮುರಿತ ಸ್ಪಷ್ಟವಾಗಿ ಕಾಣುತ್ತಿತ್ತು. ಮೂಳೆ ಕೂಡದೆ ಭಾರ ಹಾಕಿದ್ದರಿಂದ ಪ್ಲೇಟು ದಣಿದು ಮುರಿಯಿತೇ, ಲೋಹದಲ್ಲೇ ದೋಷವಿತ್ತೇ ಎಂಬುದನ್ನು ಪ್ರಯೋಗಾಲಯ ಹೇಳಬೇಕಿತ್ತು. ಹಾಗೆ ಪರೀಕ್ಷೆಗೆ ಕಳಿಸುವ ಅಧಿಕಾರವನ್ನು ಕಾಯ್ದೆ ಆಯೋಗಕ್ಕೆ ಕೊಟ್ಟಿದೆ. ಆದರೆ ಎರಡನೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಂಡುಗಳನ್ನು ಆಸ್ಪತ್ರೆ ಕಸಕ್ಕೆ ಹಾಕಿತ್ತು. ಅವನ್ನು ಕೇಳಿ ಪಡೆಯಬಹುದೆಂದು ಅವರಿಗೆ ಹೇಳಿದವರಿಲ್ಲ. ಅವರು ನನ್ನಲ್ಲಿಗೆ ಬಂದದ್ದು ಮೂರು ವಾರ ತಡವಾಗಿ.

ಅಂದಿನಿಂದ, ಒಳಗಿನ ಲೋಹ ತೆಗೆಸಿಕೊಳ್ಳಲು ಹೊರಟವರು ಯಾರೇ ಸಲಹೆ ಕೇಳಿದರೂ, ತೆಗೆದ ಭಾಗವನ್ನು ತೊಳೆದು, ಹೆಸರು ಮತ್ತು ದಿನಾಂಕ ಬರೆದು, ಮುಚ್ಚಿದ ಡಬ್ಬಿಯಲ್ಲಿ ಕೊಡಬೇಕೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ಬರಹದಲ್ಲಿ ಕೋರಲು ಹೇಳುತ್ತೇನೆ, ಆ ಕೋರಿಕೆಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲೂ ಹೇಳುತ್ತೇನೆ. ಕಂಪನಿಯವರು ಬಂದು ಪರೀಕ್ಷೆಗೆಂದು ಕೇಳಿದರೆ, ಫೋಟೊ ತೆಗೆಯದೆ, ರಶೀದಿ ಪಡೆಯದೆ ಕೊಡಬಾರದು.

ಅತ್ತೆಯ ನಾಲ್ಕು ಚೀಟಿಗಳ ನಕಲನ್ನು ಆಸ್ಪತ್ರೆಯ ಮುದ್ರೆಯೊಂದಿಗೆ ತಂದು ಅವರಿಗೆ ಕೊಟ್ಟೆ. ಅವರು ಅದನ್ನು ಗಾಡ್ರೆಜ್ ಬೀರುವಿನಲ್ಲಿ, ಜಮೀನಿನ ಪಹಣಿ ಮತ್ತು ಮಾವನ ಪಿಂಚಣಿ ಪುಸ್ತಕ ಇರುವ ಕೆಂಪು ಚೀಲದಲ್ಲಿ ಇಟ್ಟಿದ್ದಾರೆ. ಅವರ ಮಗನ ಫೋನಿನಲ್ಲೂ ನನ್ನ ಕಚೇರಿಯ ಕಡತದಲ್ಲೂ ಒಂದೊಂದು ಪ್ರತಿ ಇದೆ. ಹೋದ ವಾರ ಪಕ್ಕದ ಮನೆಯವರು ಮಂಡಿ ಬದಲಾಯಿಸಿಕೊಂಡು ಬಂದಾಗ, ಚೀಟಿ ಕೊಟ್ಟರೇ ಎಂದು ಮೊದಲು ಕೇಳಿದವರು ಅತ್ತೆಯೇ. ಕೊಟ್ಟಿರಲಿಲ್ಲ, ಅರ್ಜಿ ಬರೆದುಕೊಡಲು ಸೋಮವಾರ ಅವರ ಮನೆಗೆ ಹೋಗಬೇಕಾಗಿದೆ.